ಒಂದು ಕುದುರೆ, ಒಂದು ಡೇರೆ, ಎಂಟು ಮುಕ್ಕಾಂ

ಮನುಷ್ಯ ಜಾತಿಯ ಇತಿಹಾಸದ ದೊಡ್ಡ ತಿರುವುಗಳೆಲ್ಲ ಕುದುರೆಯ ಬೆನ್ನ ಮೇಲೆ ನಡೆದಿವೆ. ರಾಜ್ಯಗಳು ಎದ್ದದ್ದು, ಬಿದ್ದದ್ದು, ಭಾಷೆಗಳು ನಾಡಿನಿಂದ ನಾಡಿಗೆ ಹಬ್ಬಿದ್ದು ಎಲ್ಲವೂ ಜೀನಿನ ಮೇಲೆ ಕುಳಿತವರಿಂದಲೇ. ಇದನ್ನು ನಾನು ಬರೆಯುತ್ತಿರುವುದು ಮಾತ್ರ ಆರಾಮ ಕುರ್ಚಿಯಲ್ಲಿ, ಸೊಂಟದ ಹಿಂದೆ ಎರಡು ದಿಂಬು ಇಟ್ಟುಕೊಂಡು, ಮಗ್ಗಲು ಬದಲಿಸುವಾಗಲೆಲ್ಲ ಶಿವನನ್ನು ನೆನೆಯುತ್ತ.

ಮೂವತ್ತೊಂದು ವರ್ಷ ನಾನು ಸವಣೂರಿನ ಒಂದು ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದೆ. ಮಧ್ಯ ಏಷ್ಯದ ಹುಲ್ಲುಗಾವಲನ್ನು ವರ್ಷಕ್ಕೆ ಮೂರು ಸಲವಾದರೂ ದಾಟುತ್ತಿದ್ದೆ. ಗೋಡೆಯ ನಕಾಶೆಯ ಮೇಲೆ, ಬಿದಿರು ಕಡ್ಡಿಯ ತುದಿಯಿಂದ. ಅಲ್ಲಿಯ ಜನ ಕುದುರೆಯ ಮೇಲೆ ಹುಟ್ಟಿ ಕುದುರೆಯ ಮೇಲೆಯೇ ಮುಪ್ಪಾಗುತ್ತಾರೆ, ಹುಲ್ಲು ಮುಗಿದಲ್ಲಿ ಡೇರೆ ಕಿತ್ತು ಹುಲ್ಲು ಇದ್ದಲ್ಲಿ ಡೇರೆ ಹೊಡೆಯುತ್ತಾರೆ ಎಂದು ಹೇಳುವಾಗ ನನ್ನ ದನಿ ತಾನೇ ತಾನಾಗಿ ಏರುತ್ತಿತ್ತು. ಒಮ್ಮೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಸರ, ನೀವು ಎಂದರ ಕುದುರಿ ಹತ್ತೀರೇನ್ರಿ?" ಎಂದಳು.

"ಅದು ಪರೀಕ್ಷಾಕ್ಕ ಬರೂದಿಲ್ಲ, ಕುಂದ್ರು," ಎಂದೆ.

ಬರಲಿಲ್ಲ, ನಿಜ. ಆದರೆ ನಿವೃತ್ತನಾದ ಮೇಲೆ ನಾನೇ ತೆಗೆದ ಸಾವಿರಾರು ಪ್ರಶ್ನೆಗಳಲ್ಲಿ ಒಂದೂ ನೆನಪಿಲ್ಲ, ಅವಳದೊಂದು ನೆನಪಿದೆ. ಹಾನಗಲ್ಲಿನ ನಮ್ಮ ಮನೆಯ ಕಟ್ಟೆಯ ಮೇಲೆ ಸಂಜೆ ಕುಳಿತಾಗ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಹೋಗುತ್ತವೆ. ನನ್ನ ಕಣ್ಣು ಅವುಗಳ ಆಚೆ ಏನನ್ನೋ ಹುಡುಕುತ್ತಿರುತ್ತದೆ. ನನ್ನ ಹೆಂಡತಿ ಗಿರಿಜೆ ಅದನ್ನು ಮೋತಿಬಿಂದು ಎಂದು ತಿಳಿದು ಒಮ್ಮೆ ಕಣ್ಣಿನ ಡಾಕ್ಟರರ ಕಡೆಗೂ ಕರೆದುಕೊಂಡು ಹೋಗಿದ್ದಳು. ಡಾಕ್ಟರರು ಕಣ್ಣು ಸರಿಯಾಗಿಯೇ ಇದೆ ಎಂದರು. ಹಂಬಲಕ್ಕೆ ಅವರ ಹತ್ತಿರ ಹನಿ ಔಷಧ ಇರಲಿಲ್ಲ.

ಆಸೆ ಅಂಥ ದೊಡ್ಡದೇನಲ್ಲ. ಒಂದೇ ಒಂದು ಸಲ ಕುದುರೆ ಹತ್ತಿ ಊರಿಂದೂರಿಗೆ ಹೋಗಬೇಕು. ದಾರಿಯಲ್ಲಿ ಬಯಲು ನೋಡಿ ಡೇರೆ ಹೊಡೆಯಬೇಕು. ಒಳಗೆ ಮಲಗಿ, ಹೊರಗೆ ಕುದುರೆ ಹುಲ್ಲು ಹರಿಯುವ ಸಪ್ಪಳ ಕೇಳಬೇಕು. ಅಷ್ಟೇ. ಅರವತ್ತಾರರ ವಯಸ್ಸಿನವರಿಗೆ ಸಮಾಜ ಮಂಜೂರು ಮಾಡಿರುವ ಆಸೆಗಳ ಯಾದಿಯಲ್ಲಿ ಕಾಶಿ ಇದೆ, ಶ್ರೀಶೈಲ ಇದೆ, ಹೊಸ ಹಲ್ಲಿನ ಸೆಟ್ಟು ಇದೆ. ಕುದುರೆ ಇಲ್ಲ. ಹೀಗಾಗಿ ಬಹಳ ವರ್ಷ ಇದನ್ನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದೆ.

ಹೇಳುವ ಪ್ರಸಂಗ ಬಂದದ್ದು ಹುಸೇನಸಾಬರಿಂದ. ನಾನು ನೌಕರಿಯಲ್ಲಿದ್ದಾಗ ಹಾನಗಲ್ಲಿನಿಂದ ಮೊದಲ ಬಸ್ಸಿಗೆ ಹೋಗಿ, ಸವಣೂರು ಸ್ಟ್ಯಾಂಡಿನಿಂದ ಶಾಲೆಗೆ ಅವರ ಟಾಂಗಾದಲ್ಲಿ ಹೋಗುತ್ತಿದ್ದೆ. ಟಾಂಗಾ ನಿಂತು ವರ್ಷಗಳಾದರೂ ಅದನ್ನು ಎಳೆಯುತ್ತಿದ್ದ ಹೆಣ್ಣುಗುದುರೆಯನ್ನು ಅವರು ಬಿಟ್ಟುಕೊಟ್ಟಿರಲಿಲ್ಲ. ಹೆಸರು ಬಿಜಲಿ. ಬಿಜಲಿ ಎಂದರೆ ಕರೆಂಟು; ನಮ್ಮ ಕಡೆಯ ಕರೆಂಟಿನಂತೆಯೇ ಅದೂ ಬಂದರೆ ಬಂತು, ನಿಂತರೆ ನಿಂತಿತು. ಕಳೆದ ಚಳಿಗಾಲದಲ್ಲಿ ಸವಣೂರಿಗೆ ಹೋದಾಗ ಹುಸೇನಸಾಬರು ಅದರ ಬೆನ್ನು ತಿಕ್ಕುತ್ತ ಹೇಳಿದರು: "ಶಿವರಾತ್ರಿ ಆದಮ್ಯಾಲ ಹುಬ್ಬಳ್ಳಿಯವ್ರು ಒಯ್ತಾರ್ರಿ ಸರ. ಮದವಿ ಮೆರವಣಿಗಿಗೆ ಶಾಂತ ಕುದುರಿ ಬೇಕಂತ. ಹುಲ್ಲು ಹೊತ್ತು ತರಾಕ ನನ್ನ ಕೈಲೆ ಈಗ ನೀಗವಲ್ದು."

"ಅಷ್ಟರಾಗ ಒಮ್ಮೆ ಹಿರೇಕೆರೂರ ತನಕ ನಾ ಒಯ್ಲೇನು?" ಎಂದು ನನ್ನ ಬಾಯಿ ನನ್ನನ್ನು ಕೇಳದೆ ಕೇಳಿಬಿಟ್ಟಿತು.

"ನೀವು ಆಕಿನ್ನ ಒಯ್ತೀರೋ, ಆಕಿ ನಿಮ್ಮನ್ನ ಒಯ್ತಾಳೋ?" ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ ಬಿಜಲಿಯ ಕಿವಿ ಸವರಿದರು. "ಒಯ್ರಿ ಸರ. ಸ್ಟ್ಯಾಂಡು, ದವಾಖಾನಿ, ನಿಮ್ಮ ಸಾಲಿ, ಇಷ್ಟ ಆಕಿ ಜಗತ್ತ. ಒಂದ ಸಲರೆ ಊರು ದಾಟ್ಲಿ."

ಹೀಗೆ ಎರಡು ಹಂಬಲಗಳು ಕೂಡಿದವು, ಮತ್ತು ಅವಕ್ಕೆ ಶಿವರಾತ್ರಿಯ ಗಡುವು ಬಿತ್ತು.

ಇನ್ನು ಯೋಜನೆ. ಭೂಗೋಳದ ಮಾಸ್ತರನ ಕೈಗೆ ಯೋಜನೆ ಸಿಕ್ಕರೆ ಅದು ಮೊದಲು ಕೋಷ್ಟಕವಾಗುತ್ತದೆ. ನೂರು ಪುಟದ ನೋಟಬುಕ್ಕಿನಲ್ಲಿ ನಾಲ್ಕು ಅಂಕಣ ಹೊಡೆದೆ: ಮಜಲು, ನೀರು, ಹುಲ್ಲು, ಮುಕ್ಕಾಂ. ಸವಣೂರು ಬಿಟ್ಟು ಬಂಕಾಪುರ, ಅಲ್ಲಿಂದ ಹಾನಗಲ್ಲು, ಆಮೇಲೆ ಅಕ್ಕಿಆಲೂರು, ಚಿಕ್ಕೇರೂರು ಹಿಡಿದು ಹಿರೇಕೆರೂರು. ಎಲ್ಲಿಯೋ ಒಂದು ಕಡೆ ವರದಾ ಹೊಳೆ ದಾಟುವುದು. ಬೆನ್ನಿನ ಶಕ್ತಿಯನ್ನು ಗಮನಿಸಿ ಎಂಟು ಮುಕ್ಕಾಂ ಇಟ್ಟೆ. ನಾನು ಕುದುರೆಯ ಮೇಲೆ. ಹುರುಳಿ, ಹುಲ್ಲು, ಡೇರೆ ಕಟ್ಟಿಕೊಂಡು ಹುಸೇನಸಾಬರು ಮೊಪೆಡ್ ಮೇಲೆ ಹಿಂದಿನಿಂದ. ದಂಡಯಾತ್ರೆಗಳಲ್ಲಿ ಸಾಮಾನಿನ ಸಾಲು ಹಿಂದೆ ಬರುವುದು ಪೂರ್ವದಿಂದಲೂ ಇದ್ದದ್ದೇ.

ಡೇರೆ ಹೊಲಿಸಲು ಶಿಗ್ಗಾವಿಗೆ ಹೋದೆ. ಟ್ರ್ಯಾಕ್ಟರ್ ಟ್ರೇಲರುಗಳಿಗೆ ತಾಡಪತ್ರಿ ಹೊಲಿಯುವವನೊಬ್ಬ ಅಲ್ಲಿದ್ದಾನೆ. ಅಳತೆ ಹೇಳಿದೆ. ಅವನು ಬೀಡಿ ಬಾಯಿಂದ ತೆಗೆದು, "ಇದರಾಗ ಎಷ್ಟ ಚೀಲ ಗೋವಿನಜೋಳ ಹಿಡಿಬೇಕ್ರಿ?" ಎಂದು ಕೇಳಿದ.

"ಒಂದ ಚೀಲ," ಎಂದೆ. "ನಿನ್ನ ಮುಂದ ನಿಂತದಲ್ಲ, ಅದ."

ಅವನು ನನ್ನನ್ನು ಮೇಲಿನಿಂದ ಕೆಳಗಿನ ತನಕ ನೋಡಿ, ಅಳತೆಗೆ ಒಂದು ಮೊಳ ಹೆಚ್ಚಿಗೆ ಕತ್ತರಿಸಿದ.

ಎಡವಿದ್ದು ಮುಂದೆ. ಹಳೆಯ ಕಾಲದವನಾದ್ದರಿಂದ, ದಾರಿಯ ಊರುಗಳಲ್ಲಿ ಪರಿಚಯವಿದ್ದವರಿಗೆಲ್ಲ ಅಂಚೆ ಕಾರ್ಡು ಬರೆದೆ: "ಸಂಕ್ರಾಂತಿಯ ನಂತರ ಕುದುರೆಯ ಸಮೇತ ನಿಮ್ಮ ಊರಿನಲ್ಲಿ ನಮ್ಮ ಮುಕ್ಕಾಂ ಇದೆ. ನೀರಿನ ಅನುಕೂಲವಿರುವ ಬಯಲು ಯಾವುದೆಂದು ತಿಳಿಸಬೇಕು." ವಿಳಾಸ ಬರೆಯುವಾಗ ನಮ್ಮ ಕಡೆಯ ರೂಢಿಯಂತೆ "ಮು. ಪೋ. ಬಂಕಾಪುರ" ಎಂದು ಬರೆದು, ಪೆನ್ನು ತಡೆದು ಕುಳಿತೆ. ಮು. ಪೋ. ಎಂದರೆ ಮುಕ್ಕಾಂ ಪೋಸ್ಟ್. ಮುಕ್ಕಾಂ ಎಂದರೆ ಪಯಣದ ನಡುವೆ ಇಳಿದುಕೊಳ್ಳುವ ಜಾಗ. ಅರಬರ ಮಾತು, ಫಾರಸಿ ಬಲ್ಲವರ ಸಂಗಡ ದಖ್ಖನಿಗೆ ಇಳಿದು, ಮರಾಠಿ ದಫ್ತರಗಳಲ್ಲಿ ಕೆಲವು ಶತಮಾನ ಗುಮಾಸ್ತಿಕೆ ಮಾಡಿ, ಕೊನೆಗೆ ನಮ್ಮ ಲಕೋಟೆಗಳ ಮೇಲೆ ಬಂದು ಕುಳಿತಿದೆ. ಏಳು ತಲೆಮಾರಿನಿಂದ ಅದೇ ಓಣಿಯಲ್ಲಿ, ಅದೇ ಕಂಬಕ್ಕೆ ಬೆನ್ನು ಕೊಟ್ಟು ಕುಳಿತವನು ಕೂಡ ತನಗೆ ಬರುವ ಪ್ರತಿ ಪತ್ರದ ಮೇಲೆ ತಾನು ಇಲ್ಲಿ ಸುಮ್ಮನೆ ಇಳಿದುಕೊಂಡಿದ್ದೇನೆ, ನಾಳೆ ಹೊರಡುವವನು ಎಂದು ಬರೆಸಿಕೊಳ್ಳುತ್ತಾನೆ! ಈ ಶೋಧದಿಂದ ನನಗೆ ಎಷ್ಟು ಖುಷಿಯಾಯಿತೆಂದರೆ ಉಳಿದ ಕಾರ್ಡುಗಳಲ್ಲಿ ಮುಕ್ಕಾಂ ಶಬ್ದವನ್ನು ದಪ್ಪಕ್ಷರದಲ್ಲಿ ಬರೆದು ಅಡಿಗೆರೆ ಎಳೆದೆ.

ಅರಬರ ಅರ್ಥ ನನಗೆ ಗೊತ್ತಿತ್ತು. ಬಂಕಾಪುರದ ಅರ್ಥ ಮರೆತಿದ್ದೆ. ನಮ್ಮ ಕಡೆ "ನಿಮ್ಮ ಊರಲ್ಲಿ ನಮ್ಮ ಮುಕ್ಕಾಂ" ಎಂದರೆ ನಿಮ್ಮ ಮನೆಗೆ ಬರುತ್ತೇವೆ, ಉಣ್ಣುತ್ತೇವೆ, ಮಲಗುತ್ತೇವೆ ಎಂದೇ. ಓದಿದವರು ಅಡಿಗೆರೆಯ ತನಕ ಓದಿ ಕಾರ್ಡು ಮಡಚಿಟ್ಟು ಹಾಸಿಗೆ ಬಿಸಿಲಿಗೆ ಹಾಕಿದರು. ಬಯಲಿನ ವಿಷಯ ಯಾರ ಕಣ್ಣಿಗೂ ಬೀಳಲಿಲ್ಲ.

ಮೊದಲ ಫೋನು ಹಿರೇಕೆರೂರಿನಿಂದ, ನಮ್ಮ ಮಗಳನ್ನು ಕೊಟ್ಟ ಮನೆಯ ಬೀಗರದು. ಸಂತೋಷಪಟ್ಟರು. ನಾನು ಸಂಕೋಚದಿಂದ, ಮನೆಗೆ ತೊಂದರೆ ಬೇಡ, ಕೆರೆಯ ದಂಡೆಯ ಮೇಲೆ ಡೇರೆ ಹೊಡೆಯುತ್ತೇವೆ ಎಂದೆ. ಬೀಗರ ದನಿ ಇಳಿಯಿತು.

"ಬೀಗರ, ನಮ್ಮಿಂದ ಏನರ ತಪ್ಪಾಗೇತೇನ್ರಿ?"

"ಛೇ ಛೇ, ಹಂಗೇನಿಲ್ಲರಿ."

"ಮತ್ತ? ನಮ್ಮ ಮನಿ ಇರತ ನೀವು ಕೆರಿ ದಂಡಿಮ್ಯಾಲ ಬಿದ್ರ ಮಂದಿ ಏನಂದಾರು? ಬೀಗರಿಗೆ ಬಾಗಲಾ ಹಾಕ್ಯಾರ ಅಂತಾರ. ಕುದುರಿ ಏನು, ಬೇಕಾದ್ರ ಆನಿ ಮ್ಯಾಲ ಬರ್ರಿ, ಬ್ಯಾಡ ಅನ್ನೂದಿಲ್ಲ. ಮಲಗೂದು ಮಾತ್ರ ಪಡಸಾಲಿಯಾಗ."

ಬಂಕಾಪುರದಲ್ಲಿ ಗಿರಿಜೆಯ ಅಕ್ಕ ಶಿವಕ್ಕ ಇದ್ದಾಳೆ. ಅವಳು ನನ್ನ ಜೊತೆ ಮಾತಾಡುವ ಗೋಜಿಗೇ ಹೋಗದೆ ತಂಗಿಗೆ ಫೋನು ಮಾಡಿದಳು. ಸ್ಪೀಕರು ಹಚ್ಚಿದ್ದರಿಂದ ನನಗೂ ಕೇಳಿಸಿತು. "ಗಿರಿಜಾ, ಖರೇ ಹೇಳು, ಇಬ್ಬರಿಗೂ ಜಗಳಾ ಆಗೇತೇನು? ಕುದುರಿಗೆ ಬೇಕಾದ್ರ ಅಂಗಳದಾಗ ಜಾಗಾ ಮಾಡ್ತೇನವ್ವಾ. ಮಾಸ್ತರನ್ನ ಹೊರಗ ಮಲಗಸಾಕ ನಾ ತಯಾರಿಲ್ಲ."

ಫೋನಿಟ್ಟ ಮೇಲೆ ಗಿರಿಜೆ ನನ್ನ ನೋಟಬುಕ್ಕು ಇಸಿದುಕೊಂಡು ಐದನೆಯ ಅಂಕಣ ಹೊಡೆದಳು: ಬಳಗ. "ಅಕ್ಕಿಆಲೂರಾಗ ಸ್ವಾದರತ್ತಿ ಮನಿ ಬಿಟ್ಟು ಮುಂದ ಹೋದ್ರ ನಡಿತದೇನ್ರಿ? ಚಿಕ್ಕೇರೂರಿನವ್ರು ಮದವಿಗೆ ಬಂದಿದ್ರು, ನಾವು ತಿರುಗಿ ಹೋಗಿಲ್ಲ." ಅವಳ ಪೆನ್ಸಿಲ್ಲು ಹೋದ ಕಡೆಗೆಲ್ಲ ನನ್ನ ದಾರಿ ಬಾಗಿತು. ನೀರು, ಹುಲ್ಲು ನೋಡಿ ಎಳೆದ ನೇರ ಗೆರೆ, ಹೋಳಿಗೆ, ಶಾವಿಗೆ ಪಾಯಸ ನೋಡಿಕೊಂಡು ಹಾವಿನಂತೆ ಹರಿಯತೊಡಗಿತು. ಬಂದವರನ್ನು ಒಂದೇ ದಿನಕ್ಕೆ ಬಿಡುವ ಪದ್ಧತಿ ನಮ್ಮಲ್ಲಿಲ್ಲ. ಎಂಟು ಮುಕ್ಕಾಂ ಎಂಟು ಮನೆಗಳಾಗಿ, ಮನೆಗೆ ಕನಿಷ್ಠ ಎರಡು ದಿನದಂತೆ ಪ್ರಯಾಣ ಹದಿನಾರು ದಿನಕ್ಕೆ ಬಂತು. ಈ ಮಾತುಕತೆಗಳಲ್ಲೇ ಸಂಕ್ರಾಂತಿ ಹೋಗಿ ಭಾರತ ಹುಣ್ಣಿಮೆಯೂ ದಾಟಿತ್ತು. ಶಿವರಾತ್ರಿಗೆ ಉಳಿದದ್ದು ಒಂಬತ್ತು ದಿನ. ಇಡೀ ಕೋಷ್ಟಕದಲ್ಲಿ ಬಯಲು ಎಂಬುದು ಎಲ್ಲಿಯೂ ಇರಲಿಲ್ಲ.

ಒಂದು ಮಾತು ಒಪ್ಪಿಕೊಳ್ಳಬೇಕು. ಇವರ ಮೇಲೆ ನನಗೆ ಸಿಟ್ಟು ಬರಲಿಲ್ಲ, ಬಂದಿದ್ದರೆ ಹಗುರಾಗುತ್ತಿತ್ತು. ಹಗೆಗಳಿಂದ ತಪ್ಪಿಸಿಕೊಂಡು ಸಾವಿರ ಹರದಾರಿ ಓಡಿದ ರಾವುತರು ಇದ್ದಾರೆ. ಹಾಸಿಗೆ ಬಿಸಿಲಿಗೆ ಹಾಕಿ ಕಾದಿರುವವರಿಂದ ತಪ್ಪಿಸಿಕೊಂಡವರು ನನಗೆ ತಿಳಿದಂತೆ ಯಾರೂ ಇಲ್ಲ. ಹುಲ್ಲುಗಾವಲಿನ ಆ ಜನ ಬಯಲಲ್ಲಿ ಮಲಗುತ್ತಿದ್ದದ್ದು ಧೈರ್ಯದಿಂದಲ್ಲ, ದಾರಿಯಲ್ಲಿ ನೆಂಟರಿಲ್ಲದ್ದರಿಂದ ಇದ್ದೀತು. ಇದನ್ನು ಪಾಠ ಮಾಡುವಾಗ ಹೇಳಿರಲಿಲ್ಲ.

ಸವಣೂರಿಗೆ ಹೋಗಿ ಹುಸೇನಸಾಬರ ಮುಂದೆ ಎಲ್ಲ ಹೇಳಿ, ಆಗುವುದಿಲ್ಲವೆಂದೆ. ಅವರು ಬಿಜಲಿಯ ಮುಂದೆ ಹುರುಳಿ ಸುರಿದರು. ಆಮೇಲೆ, "ಬಂಕಾಪುರದ ತನಕರ ಹೋಗೂಣು ಸರ. ರಾತ್ರಿ ನಿಮ್ಮ ಬಳಗಕ್ಕ ಬಿಟ್ಟಬಿಡ್ರಿ. ಹಗಲ ನಮ್ದು," ಎಂದರು.

ನೂರು ಪುಟದ ನೋಟಬುಕ್ಕಿಗೆ ಹೊಳೆಯದ ಮಾತು ಅದು.

ಸೋಮವಾರ ಬೆಳಿಗ್ಗೆ ಹೊರಟೆವು. ಟಾಂಗಾದ ಕುದುರೆಗೆ ಒಂದು ಶಿಸ್ತು ಇರುತ್ತದೆ. ಬಿಜಲಿ ದವಾಖಾನೆಯ ಮುಂದೆ ನಿಂತಿತು. ಯಾರೋ ಇಳಿಯುವರೆಂದು ಕಾದಿತು. ಹುಸೇನಸಾಬರು ಮೊಪೆಡ್ಡಿನಿಂದ ಇಳಿದು ಬಂದು, ಗಿರಾಕಿ ಇಳಿದಂತೆ ಜೀನನ್ನು ಒಮ್ಮೆ ತಟ್ಟಿದ ಮೇಲೆ ಹೊರಟಿತು. ಶಾಲೆಯ ಗೇಟಿನ ಮುಂದೆ ಮತ್ತೆ ನಿಂತಿತು. ಒಳಗಿನಿಂದ ಪ್ರಾರ್ಥನೆ ಕೇಳುತ್ತಿತ್ತು. ಅಲ್ಲಿ ನಾನು ಇಳಿಯುವವನೆಂದು ಅದಕ್ಕೆ ಚೆನ್ನಾಗಿ ಗೊತ್ತು. ನಾನು ಇಳಿಯದಿದ್ದಾಗ ಕತ್ತು ಹೊರಳಿಸಿ ನನ್ನನ್ನು ನೋಡಿತು. ಊರ ಕೊನೆಯ ಮನೆ ದಾಟಿದ ಮೇಲೆ ನಿಲ್ಲುವ ಜಾಗಗಳೇ ಇಲ್ಲದ್ದರಿಂದ ಅದು ನಿಲ್ಲಲಿಲ್ಲ. ಕಿವಿ ಎರಡೂ ಮುಂದಕ್ಕೆ ಮಾಡಿ ನಡೆಯಿತು. "ನೋಡ್ರಿ ಸರ, ನೋಡ್ರಿ!" ಎಂದು ಹುಸೇನಸಾಬರು ಹಿಂದಿನಿಂದ ಕೂಗುತ್ತಿದ್ದರು. ನಾನು ನೋಡುವ ಸ್ಥಿತಿಯಲ್ಲಿರಲಿಲ್ಲ. ಎರಡೂ ಕೈಯಿಂದ ಜೀನು ಹಿಡಿದಿದ್ದೆ.

ಬಂಕಾಪುರ ಇನ್ನೂ ದೂರವಿರುವಾಗ ಒಂದು ಕೆರೆಯ ಹಿಂದಿನ ಬಯಲಲ್ಲಿ ಇಳಿದೆವು. ಇಳಿದೆವು ಎನ್ನುವುದು ಗೌರವಾರ್ಥ, ನನ್ನನ್ನು ಇಳಿಸಲಾಯಿತು. ಡೇರೆ ಹೊಡೆದು ಒಳಗೆ ಹೋಗುವಷ್ಟರಲ್ಲಿ ಪಕ್ಕದ ಕಡಲೆ ಹೊಲದಿಂದ ಹೆಂಗಸೊಬ್ಬಳು ಬಂದಳು. "ಯಾರಿಗೆ ಆರಾಮಿಲ್ಲರಿ?" ಎಂದು ಕೇಳಿದಳು. ಎಲ್ಲರೂ ಆರಾಮಿದ್ದೇವೆ ಎಂದೆವು. ನಂಬಲಿಲ್ಲ. ಸೆರಗಿನಲ್ಲಿದ್ದ ಹಸಿ ಕಡಲೆ ಸುರಿದು, "ಮನಿ ಅಲ್ಲೆ ಕಾಣ್ತದ, ಬರಬೇಕಿತ್ತಪಾ," ಎಂದು ಗೊಣಗುತ್ತ ಹೋದಳು.

ಆಮೇಲೆ ಯಾರೂ ಬರಲಿಲ್ಲ. ತಾಡಪತ್ರಿಯ ನೀಲಿ ಬೆಳಕಿನಲ್ಲಿ ಮೈ ಚಾಚಿದೆ. ಒಂದು ಮೊಳ ಹೆಚ್ಚಿಗೆ ಕತ್ತರಿಸಿದವನು ಪುಣ್ಯಾತ್ಮ. ಹೊರಗೆ ಜೀನು ಇಳಿಸಿಕೊಂಡ ಬಿಜಲಿ ಮೇಯತೊಡಗಿತು. ಹರಕ್, ಹರಕ್ ಎಂದು ಹುಲ್ಲು ಹರಿಯುವುದು, ಅಗಿಯುವುದು, ನಡುವೆ ಒಮ್ಮೆ ಮೂಗಿನಿಂದ ಉಸಿರು ಬಿಡುವುದು. ಇಷ್ಟೇ ಸಪ್ಪಳ. ಮೂವತ್ತೊಂದು ವರ್ಷ ನಾನು ಕೂಗಿ ಹೇಳಿದ ಪಾಠ ಇಷ್ಟು ಮೆತ್ತಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಹುಸೇನಸಾಬರು ಅದರ ಹತ್ತಿರ ಕುಕ್ಕರಗಾಲಿನಲ್ಲಿ ಕುಳಿತು, ಅದಕ್ಕಷ್ಟೇ ಕೇಳುವಂತೆ ಉರ್ದುವಿನಲ್ಲಿ ಏನೋ ಹೇಳುತ್ತಿದ್ದರು. ಆ ಮಾತು ನನಗಲ್ಲವೆಂದು ಕಣ್ಣು ಮುಚ್ಚಿದೆ. ಮುಚ್ಚಿದ್ದೇ ತಡ, ನಿದ್ದೆ ಬಂತು. ಜನ್ಮದ ಹಂಬಲ ಕೈಗೆ ಸಿಕ್ಕ ಎರಡೂವರೆ ತಾಸಿನಲ್ಲಿ ಒಂದು ತಾಸನ್ನು ನಾನು ಗೊರಕೆ ಹೊಡೆದು ಕಳೆದೆ. ಇದಕ್ಕೆ ನಾಚಿಕೊಳ್ಳಬೇಕೆಂದು ಬಹಳ ಸಲ ಪ್ರಯತ್ನಿಸಿದ್ದೇನೆ, ಆಗಿಲ್ಲ. ಪರವೂರೆನಿಸಿದಲ್ಲಿ ಮನುಷ್ಯನಿಗೆ ಅಂಥ ನಿದ್ದೆ ಬರುವುದಿಲ್ಲ.

ನಾಲ್ಕೂವರೆಗೆ ಶಿವಕ್ಕನ ಫೋನು ಬಂತು: "ಎಲ್ಲಿ ಅದೀರಿ? ಹೋಳಿಗಿ ಆರಾಕತ್ತಾವ."

ಡೇರೆ ಕಿತ್ತೆವು. ಅಂದು ಬಂಕಾಪುರದಲ್ಲಿ ಪಡಸಾಲೆಯಲ್ಲಿ ಮಲಗಿದೆವು. ಮರುದಿನ ನನಗೆ ಏಳಲಾಗಲಿಲ್ಲ; ಗಿರಿಜೆ ಬಸ್ಸಿನಲ್ಲಿ ಬಂದು ಕರೆದುಕೊಂಡು ಹೋದಳು. ಹುಸೇನಸಾಬರು ಮೊಪೆಡ್ಡನ್ನು ಶಿವಕ್ಕನ ಅಂಗಳದಲ್ಲಿ ಬಿಟ್ಟು, ಬಿಜಲಿಯ ಹಗ್ಗ ಹಿಡಿದು ಸವಣೂರಿಗೆ ನಡೆದುಕೊಂಡು ಹೋದರು. ಶಿವರಾತ್ರಿಯಾದ ಮೂರನೆಯ ದಿನ ಹುಬ್ಬಳ್ಳಿಯವರು ಬಂದು ಕುದುರೆಯನ್ನು ಒಯ್ದರು.