ಕರೆಯದೆ ಹೋಗದ ರಂಗೂನ್ ನೀಲಕ್ಕ

ನೀಲಕ್ಕ ಸಮುದ್ರ ದಾಟಿ ಬರುತ್ತಿದ್ದಳು, ನಾಲ್ಕು ಮನೆ ದಾಟುತ್ತಿರಲಿಲ್ಲ. ರಂಗೂನಿನಿಂದ ಹಡಗಿನಲ್ಲಿ ಮದ್ರಾಸು, ಮದ್ರಾಸಿನಿಂದ ರೈಲಿನಲ್ಲಿ ಹುಬ್ಬಳ್ಳಿ, ಸ್ಟೇಶನ್ನಿನಿಂದ ಟಾಂಗಾದಲ್ಲಿ ಹಳೇ ಹುಬ್ಬಳ್ಳಿಯ ನಮ್ಮ ಓಣಿ. ಟಾಂಗಾ ಅವಳ ತವರುಮನೆಯ ಮುಂದೆಯೇ ಹಾದು ಬರಬೇಕು. ಅಲ್ಲಿ ನಿಲ್ಲಿಸದೆ, ಅತ್ತ ತಿರುಗಿಯೂ ನೋಡದೆ, ನಾಲ್ಕು ಮನೆ ಆಚೆಗಿದ್ದ ನಮ್ಮ ಮನೆಯ ಮುಂದೆ ಇಳಿದು, ಕಟ್ಟೆಯ ಮೇಲೆ ಟ್ರಂಕು ಇಡಿಸಿ, ಸೆರಗಿನಿಂದ ಮುಖ ಒರೆಸಿಕೊಂಡು ನಮ್ಮ ಅತ್ತೆ ಶಿವವ್ವನಿಗೆ ಹೇಳುತ್ತಿದ್ದಳು: "ಕಾಕಿ, ನಾ ಬಂದೇನಂತ ಅಣ್ಣಗ ಹೇಳಿ ಕಳಸ್ರಿ. ಕರಿಯಾಕ ಬರಲಿ."

ನಮ್ಮ ಕಡೆ ನಾಗರ ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ. ಶ್ರಾವಣ ಬಂತೆಂದರೆ ಅಣ್ಣನೋ ತಮ್ಮನೋ ಗಂಡನ ಮನೆಗೆ ಬಂದು ಕರೆಯಬೇಕು, ಕರೆದ ಮೇಲೆ ಹೋಗಬೇಕು. ನನ್ನ ತಮ್ಮ ಅಮ್ಮಿನಬಾವಿಯಿಂದ ಚಕ್ಕಡಿ ಹೂಡಿಕೊಂಡು ಬರುತ್ತಿದ್ದ. ಅವನು ಒಂದು ದಿನ ತಡಮಾಡಿದರೂ ನಾನು ಒಲೆಗೂ ಬಾಗಿಲಿಗೂ ಅಡ್ಡಾಡಿ, ರೊಟ್ಟಿ ಸೀಯಿಸಿ, ಅತ್ತೆಯಿಂದ ಬೈಸಿಕೊಳ್ಳುತ್ತಿದ್ದೆ. ಆದರೆ ರಂಗೂನಿಗೆ ಹೋಗಿ ಕರೆದುಕೊಂಡು ಬರುವ ಅಣ್ಣ ಯಾರಿಗಿದ್ದಾನೆ? ಅದಕ್ಕೆ ನೀಲಕ್ಕ ತಾನೇ ಒಂದು ದಾರಿ ಹುಡುಕಿಕೊಂಡಿದ್ದಳು. "ಹಡಗಿನ ಹಾದಿ ನಂದು, ಈ ನಾಲ್ಕ ಮನಿ ಹಾದಿ ಅಣ್ಣಂದು. ಕರೀದ ಹೋದ್ರ ಕುಂದ್ರಾಕ ಮಣಿ ಹಾಕಾವ್ರು ಯಾರು?" ಎನ್ನುತ್ತಿದ್ದಳು.

ನಾನು ಸೊಸೆಯಾಗಿ ಬಂದ ವರ್ಷವೇ ಅವಳನ್ನು ಮೊದಲ ಸಲ ನೋಡಿದ್ದು. ಅವಳ ಅಣ್ಣ ಮಲ್ಲಪ್ಪ ಸಾವುಕಾರರು ಅರಳೆ ವ್ಯಾಪಾರದವರು, ಓಣಿಯಲ್ಲಿ ಮಾತಿಗೆ ತೂಕವಿದ್ದವರು. ಸುದ್ದಿ ಮುಟ್ಟಿದ್ದೇ ತಡ, ಜರಿ ರುಮಾಲು ಸುತ್ತಿ, ಶಲ್ಯ ಹೊದ್ದು, ತಿರುಗಿ ಹೊರಟಿದ್ದ ಹುಸೇನಸಾಬನ ಟಾಂಗಾವನ್ನು ತಡೆದು ನಿಲ್ಲಿಸಿ, ಆ ನಾಲ್ಕು ಮನೆಯ ದೂರವನ್ನು ಟಾಂಗಾದಲ್ಲಿ ಕೂತು ಬಂದರು. ಓಣಿಗೆ ಓಣಿಯೇ ಬಾಗಿಲಲ್ಲಿ ನಿಂತಿತ್ತು.

"ನೀಲಾ, ಪಂಚಮಿಗೆ ಕರಿಯಾಕ ಬಂದೇನವಾ. ನಡಿ ಮನಿಗೆ."

"ಹಡಗ ಲಗೂ ಸಿಕ್ತೇನಣ್ಣಾ?"

"ಎಲ್ಲೀ ಹಡಗ? ಈಸಿಕೋತ ಬಂದೇನಿ. ನೋಡ, ರುಮಾಲ ಇನ್ನೂ ಆರಿಲ್ಲ."

ನೀಲಕ್ಕ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಮಗಳು ಗೌರಿ ಆಗಿನ್ನೂ ಕಂಕುಳ ಕೂಸು. ಇಬ್ಬರನ್ನೂ ಕೂರಿಸಿಕೊಂಡು ಸಾವುಕಾರರು ದುರ್ಗದ ಬೈಲಿಗೆ ಹೋಗಿ, ಊರು ಸುತ್ತಿ ನಾಲ್ಕು ಮನೆ ಆಚೆಗೆ ಇಳಿದರು. ಆ ಮನುಷ್ಯ ಆಗ ಹಾಗಿದ್ದರು ಎಂಬುದನ್ನು ಹೇಳದಿದ್ದರೆ ತಪ್ಪಾಗುತ್ತದೆ. ತಂಗಿಯ ಮೇಲೆ ಅವರಿಗೆ ಪ್ರೀತಿ ಇತ್ತು. ತಿರುಗಿ ಹೋಗುವ ದಿನ ಗೊತ್ತಿರುವ ತಂಗಿಯ ಮೇಲೆ ಯಾರಿಗೆ ಪ್ರೀತಿ ಇರುವುದಿಲ್ಲ ಹೇಳಿ.

ನೀಲಕ್ಕ ಎತ್ತರದ ಹೆಂಗಸು, ಕಪ್ಪು ಮೈಬಣ್ಣ, ದನಿ ದೊಡ್ಡದು. ಉಡುವುದು ಇಳಕಲ್ ಸೀರೆಯೇ, ಆದರೆ ಕಾಲಲ್ಲಿ ಬರ್ಮಾದ ಮಖಮಲ್ಲಿನ ಚಪ್ಪಲಿ, ಕೈಯಲ್ಲಿ ಬಣ್ಣದ ಕಾಗದದ ಛತ್ರಿ. ಬಿಸಿಲಿಲ್ಲದಿದ್ದರೂ ಅದು ಬಿಚ್ಚಿಯೇ ಇರಬೇಕು. ಗಂಡ ಚನ್ನಬಸಪ್ಪ ಅಲ್ಲಿ ಒಂದು ಅಕ್ಕಿ ಗಿರಣಿಯಲ್ಲಿ ಕಾರಕೂನ. ಅವಳ ಒಂದು ಮಾತು ನಮಗೆಲ್ಲ ಚೇಷ್ಟೆಯ ವಸ್ತುವಾಗಿತ್ತು. ಇಲ್ಲಿ ಕೂತು "ನಮ್ಮಲ್ಲೆ" ಎಂದರೆ ರಂಗೂನು. ರಂಗೂನಿನಲ್ಲಿ ಕೂತು "ನಮ್ಮಲ್ಲೆ" ಎಂದರೆ ಹುಬ್ಬಳ್ಳಿಯಂತೆ. "ನಮ್ಮಲ್ಲೆ ಮಳಿ ಹಿಡೀತಂದ್ರ ಬಿಡೂದ ಇಲ್ಲ" ಎಂದು ಅವಳು ಶುರು ಮಾಡಿದರೆ ಅವಳ ಅತ್ತಿಗೆ, ಸಾವುಕಾರರ ಹೆಂಡತಿ ಶಾಂತವ್ವ, "ಯಾವ ನಮ್ಮಲ್ಲೆ ನೀಲಕ್ಕಾ? ಇದೋ, ಅದೋ?" ಎಂದು ಕೇಳುವಳು. ಕೇಳುವಾಗ ನಗುತ್ತಲೇ ಕೇಳುವಳು.

ರಂಗೂನಿನ ಪಂಚಮಿಯ ಕತೆಯನ್ನು ಅವಳ ಬಾಯಿಂದಲೇ ಕೇಳಬೇಕಿತ್ತು. ಮೂರನೆಯ ಅಂತಸ್ತಿನ ಒಂದೇ ಕೋಣೆಯಲ್ಲಿ, ತೊಲೆಗೆ ಹಗ್ಗ ಕಟ್ಟಿ ಜೋಕಾಲಿ ಮಾಡುತ್ತಿದ್ದಳಂತೆ. ಜೀಕಿದರೆ ಕಾಲು ಗೋಡೆಗೆ ಬಡಿಯುವುದು. ಹುತ್ತ ಎಲ್ಲಿಂದ ತರಬೇಕು? ಮಣ್ಣಿನ ನಾಗಪ್ಪನನ್ನು ತಾನೇ ಮಾಡಿ ಹಾಲೆರೆಯುವಳು. ನಮ್ಮ ಕಡೆ ಹಾಲೆರೆಯುವಾಗ ಮನೆಯವರ ಹೆಸರು ಹಿಡಿದು ಒಬ್ಬೊಬ್ಬರ ಪಾಲು ಎರೆಯುತ್ತೇವಲ್ಲ, ಅವಳದು ಯಾವಾಗಲೂ ಮೊದಲು "ನಮ್ಮ ಅಣ್ಣನ ಪಾಲು." ಅದಾದ ಮೇಲೆ ಗಂಡನದು. ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿ ಕೆಳಗಿನ ಮನೆಯ ಬರ್ಮಾ ಹೆಂಗಸರಿಗೆ ಕೊಟ್ಟರೆ ಅವರು ಅದನ್ನು ಮೀನಿನ ಸಾರಿನ ಜೊತೆಗೆ ತಿನ್ನುತ್ತಿದ್ದರಂತೆ. ಇದನ್ನು ಹೇಳಿ ನಮ್ಮ ಅತ್ತೆ ಮೂಗು ಮುಚ್ಚಿಕೊಳ್ಳುವುದನ್ನು ನೋಡುವುದೇ ಅವಳಿಗೆ ಖುಷಿ.

ಆ ಸಲ ಹೀಗೇ ಹೇಳುತ್ತಿದ್ದಾಗ ಅತ್ತೆ ಕೇಳಿದರು, "ಪಂಚಮಿ ಯಾವತ್ತಂತ ಅಲ್ಲೆ ನಿಂಗ ಹೆಂಗ ತಿಳೀತದವಾ? ಪಂಚಾಂಗ ಐತೇನು?"

"ನಮ್ಮ ಓಣ್ಯಾಗ ಒಬ್ಬಾಂವ ಗುಜರಾತಿ ಕಿರಾಣಿ ಅಂಗಡ್ಯಾಂವ ಅದಾನ್ರಿ ಕಾಕಿ. ಅವ ಹೇಳ್ತಾನ. ಹುಣ್ಣಿಮಿ ಆಗಿ ಐದನೇ ದಿನಕ್ಕ."

ಅತ್ತೆ ಬಾಯಿಗೆ ಸೆರಗು ಹಿಡಿದರು. ನಮ್ಮ ಪಂಚಮಿ ಅಮಾವಾಸ್ಯೆ ಆಗಿ ಐದನೇ ದಿನ. ಗುಜರಾತಿಯವರ ನಾಗಪೂಜೆ ನಮ್ಮದಾದ ಹದಿನೈದು ದಿನಕ್ಕೆ. ಪಾಪ, ಹುಡುಗಿ ಅಷ್ಟೂ ವರ್ಷ ಹಬ್ಬ ಮುಗಿದ ಮೇಲೆ ಹಬ್ಬ ಮಾಡಿದ್ದಳು. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ನೀಲಕ್ಕನೂ ನಕ್ಕಳು. "ನೀವೆಲ್ಲಾ ಇಲ್ಲೆ ಜೀಕಾಕತ್ತಿರ್ತೀರಿ ಅಂತ ನೆನಸಿಕೊಂಡು ನಾನೂ ಅಲ್ಲೆ ಜೀಕತಿದ್ದೆ ಕಾಕಿ. ಖರೇ ಅಂದ್ರ ಅವತ್ತ ಇಲ್ಲೆ ಹಗ್ಗಾ ಬಿಚ್ಚಿ ಇಟ್ಟಿರತಿದ್ರಿ." ಅವಳ ಅಣ್ಣ ಅಲ್ಲೇ ಇದ್ದರು. ವರ್ಷವರ್ಷ ತಪ್ಪದೆ ಪಂಚಾಂಗ ಕಳಿಸುತ್ತೇನೆ ಎಂದರು. ಒಂದು ವರ್ಷ ಕಳಿಸಿದರು ಕೂಡ.

ನಾಲ್ಕೈದು ವರ್ಷ ಬಿಟ್ಟು ಅವಳು ಮತ್ತೆ ಬಂದಾಗ ಸಾವುಕಾರರು ಅಂಗಡಿಯಲ್ಲಿದ್ದರು. ಕರೆಯಲು ಅಂಗಡಿಯ ಲೆಕ್ಕ ಬರೆಯುವ ದಿವಾನಜಿಯನ್ನು ಕಳಿಸಿದರು. ಆ ಬಡಪಾಯಿ ಬಂದು, "ಸಾವುಕಾರ್ರು ಕರದಾರ್ರಿ ಅಕ್ಕಾರ, ಬರ್ಬೇಕಂತ" ಎಂದ. ನೀಲಕ್ಕ ಕಟ್ಟೆಯಿಂದ ಕದಲಲಿಲ್ಲ. "ದಿವಾನಜಿ ಕರದ್ರ ಅಂಗಡಿಗೆ ಹೋಗಬೇಕಪಾ, ಮನಿಗಲ್ಲ. ಅಣ್ಣಗ ಹೇಳು, ನಾ ಅರಳಿ ಕೊಳ್ಳಾಕ ಬಂದಿಲ್ಲ ಅಂತ." ಹೊತ್ತು ಇಳಿಯುವವರೆಗೆ ನಮ್ಮಲ್ಲೇ ಕೂತಳು. ಕೊನೆಗೆ ಸಾವುಕಾರರು ಅಂಗಡಿಯ ಟೊಪ್ಪಿಗೆಯಲ್ಲೇ, ಕಾಲ್ನಡಿಗೆಯಲ್ಲಿ ಬಂದು, "ನಡಿಯವಾ, ಬಂದೇನಿ, ಆತಲ್ಲ" ಎಂದರು. ಈ ಸಲ ಯಾರಿಗೂ ನಗು ಬರಲಿಲ್ಲ. ಅತ್ತಿಗೆ ಶಾಂತವ್ವ ಹಿತ್ತಲಲ್ಲಿ ಯಾರಿಗೋ, "ಅಕಿ ದೊಡ್ಡಸ್ತನಾ ರಂಗೂನದಾಗ ಇರಲಿ" ಎಂದದ್ದು ನಮ್ಮ ಹಿತ್ತಲಿಗೂ ಕೇಳಿತು. ಆದರೆ ಸಂಜೆ ಟ್ರಂಕು ತೆರೆದು, ಬರ್ಮಾದ ರೇಶಿಮೆ, ಅರಗಿನ ಡಬ್ಬಿಗಳು ಹೊರಗೆ ಬಂದವಲ್ಲ, ಶಾಂತವ್ವನ ಬಾಯಲ್ಲಿ ಮತ್ತೆ ನೀಲಕ್ಕಾ, ನೀಲಕ್ಕಾ.

ಆಮೇಲೆ ಯುದ್ಧ ಬಂತು. ರಂಗೂನಿನ ಮೇಲೆ ಬಾಂಬು ಬಿತ್ತೆಂದು ಪತ್ರಿಕೆ ಓದುವವರು ಹೇಳಿದರು. ಆ ಚಳಿಗಾಲದಲ್ಲೇ ಒಂದು ಮಧ್ಯಾಹ್ನ ನೀಲಕ್ಕ ನಮ್ಮ ಕಟ್ಟೆಯ ಮೇಲೆ ಕೂತಿದ್ದಳು. ಟಾಂಗಾ ಇಲ್ಲ, ಟ್ರಂಕು ಇಲ್ಲ, ಛತ್ರಿ ಇಲ್ಲ. ಒಂದು ಗಂಟು, ಪಕ್ಕದಲ್ಲಿ ಗೌರಿ. ಹೆಂಗಸರು ಮಕ್ಕಳನ್ನು ತುಂಬಿಕೊಂಡು ಹೊರಟ ಹಡಗಿಗೆ ಇವರಿಬ್ಬರನ್ನು ಹತ್ತಿಸಿ ಗಂಡ ಹಿಂದೆ ಉಳಿದಿದ್ದ. ಹಿಂದಿನಿಂದ ಬರುತ್ತೇನೆ ಎಂದಿದ್ದನಂತೆ.

ಚಪ್ಪಲಿಯಿಲ್ಲದೆ ಒಡೆದಿದ್ದ ಅವಳ ಕಾಲು ನೋಡಿ ಅತ್ತೆಗೆ ಅಳು ಬಂತು. "ಇಂಥಾ ಹೊತ್ತಿನ್ಯಾಗ ಎಂಥಾ ಕರಿಯೂದು ನೀಲಾ? ಏಳು, ನಿಮ್ಮಪ್ಪನ ಮನಿ, ಸೀದಾ ಒಳಗ ಹೋಗು."

"ಇಲ್ರಿ ಕಾಕಿ. ಮದಲ ಟ್ರಂಕ ತಂದಿದ್ದೆ, ಕರೀದ ಹೋಗಿದ್ರೂ ನಡೀತಿತ್ತು. ಈಗ ಗಂಟ ತಂದೇನಿ. ಕರೀದ ಹೋದ್ರ ನಾಳೆ ಯಾರು ಕರದಿದ್ರು ಅಂತಾರ."

ಅಲ್ಲಿಯವರೆಗೆ ಅದನ್ನು ನಾನು ಅವಳ ಹಟ ಎಂದುಕೊಂಡಿದ್ದೆ. ಅವಳಿಗೆ ಉಳಿದಿದ್ದ ಆಸರೆ ಅದೊಂದೇ ಎಂದು ಆ ದಿನ ತಿಳಿಯಿತು. ಅಣ್ಣ ಬಂದು ಓಣಿಯ ಮುಂದೆ ಕರೆದರೆ ಅವಳು ಆ ಮನೆಯಲ್ಲಿ ತಲೆಯೆತ್ತಿ ಇರಬಹುದು. ಇಲ್ಲದಿದ್ದರೆ ಬಂದು ಬಿದ್ದವಳು.

ಸಾವುಕಾರರು ಬಂದರು. ಬರಲಿಲ್ಲ ಎನ್ನುವಂತಿಲ್ಲ. ಕಟ್ಟೆಯ ಮೇಲೆ ಕೂತು ಹಡಗಿನ ಸುದ್ದಿ ಕೇಳಿದರು, ಬಾಂಬಿನ ಸುದ್ದಿ ಕೇಳಿದರು, ಗೌರಿಯ ತಲೆ ಸವರಿದರು, ಕಣ್ಣಲ್ಲಿ ನೀರೂ ತಂದರು. ನಾನು ಕೊಟ್ಟ ಚಹಾ ಕುಡಿದರು. "ನಡಿ ಮನಿಗೆ" ಎಂಬ ಎರಡು ಮಾತು ಬಿಟ್ಟು ಉಳಿದೆಲ್ಲ ಮಾತನ್ನೂ ಆಡಿದರು. ನೀಲಕ್ಕ ಅವರ ಬಾಯನ್ನೇ ನೋಡುತ್ತ ಕೂತಿದ್ದಳು. ಎದ್ದು ನಿಂತಾಗ ಹೇಳಿದರು: "ಏನೂ ಚಿಂತಿ ಮಾಡಬ್ಯಾಡವಾ. ಪಂಚಮಿಗೆ ಬಂದು ಕರೀತೇನಿ."

"ಪಂಚಮಿ ಇನ್ನೂ ಆರ ತಿಂಗಳ ಐತಲ್ರಿ ಸಾವುಕಾರ್ರ. ಅಲ್ಲೀತನಕಾ?" ಎಂದು ಅತ್ತೆ ಕೇಳಿಯೇಬಿಟ್ಟರು.

"ಅಲ್ಲೀತನಕಾ ನೀವೇನ್ ಪರಕೀದವರ್ರಿ ಶಿವವ್ವಾರ?" ಎಂದು ಅವರು ಕೈಮುಗಿದರು. ಕೈಮುಗಿದವರಿಗೆ ಏನು ಹೇಳಬೇಕು? ಪದ್ಧತಿಯ ಪ್ರಕಾರ ಅವರು ಸರಿಯಾಗಿಯೇ ಇದ್ದರು. ತಂಗಿಯನ್ನು ಕರೆಯುವುದು ಪಂಚಮಿಗೆ. ನೀಲಕ್ಕ ತಾನು ಕಟ್ಟಿಕೊಂಡಿದ್ದ ಹಗ್ಗವನ್ನೇ ಅವರು ಹಿಡಿದು ಎಳೆದರು. ಆ ಮನುಷ್ಯನ ಮೇಲಿನ ಸಿಟ್ಟು ನನಗೆ ಇಂದಿಗೂ ಇಳಿದಿಲ್ಲ.

ಹೀಗೆ ನೀಲಕ್ಕ ನಮ್ಮಲ್ಲೇ ಉಳಿದಳು. ಜೋಳ ಬೀಸುವಳು, ರೊಟ್ಟಿ ಬಡಿಯುವಳು, ನನಗೆ ಕೆಲಸ ಮುಟ್ಟಗೊಡುತ್ತಿರಲಿಲ್ಲ. ದಿನಾ ಬೆಳಿಗ್ಗೆ ಗೌರಿಗೆ ಎಣ್ಣೆ ಹಚ್ಚಿ ಹೆರಳು ಹಾಕಿ, ತಾನು ಹಣೆ ತುಂಬ ಕುಂಕುಮ ಇಟ್ಟುಕೊಂಡು ತಯಾರಾಗುವಳು. ಗೌರಿ ಮಾವನ ಮಕ್ಕಳ ಜೊತೆ ಆಡಲು ಅತ್ತ ಓಡಿದರೆ ರಟ್ಟೆ ಹಿಡಿದು ಎಳೆದು ತರುವಳು. ಯುಗಾದಿಗೆ ಶಾಂತವ್ವ ಹೋಳಿಗೆಯನ್ನು ಬಿಳಿ ವಸ್ತ್ರ ಮುಚ್ಚಿ ಕಳಿಸಿದಳು. ನಾಲ್ಕು ಮನೆ ಆಚೆ ಇರುವವಳನ್ನು ಊಟಕ್ಕೆ ಕರೆಯದೆ ತಟ್ಟೆ ಕಳಿಸಿದ್ದನ್ನು ನೋಡಿ ನನಗೆ ಎಲ್ಲಿತ್ತೋ ರೋಷ ಬಂತು, ತಿರುಗಿ ಕಳಿಸೋಣ ಎಂದೆ. ನೀಲಕ್ಕ, "ಬ್ಯಾಡವಾ, ಅಣ್ಣನ ಮನೀದು" ಎಂದು ತಟ್ಟೆ ಇಸಿದುಕೊಂಡಳು. ಅಷ್ಟು ಹೊತ್ತಿಗೆ ರಂಗೂನು ಜಪಾನಿನವರ ಕೈಸೇರಿತ್ತು. ಗಂಡನ ಸುದ್ದಿ ಇರಲಿಲ್ಲ.

ಶ್ರಾವಣ ಬಂತು. ನನ್ನ ತಮ್ಮ ಕರೆಯಲು ಬಂದರೂ ಆ ವರ್ಷ ನಾನು ತವರಿಗೆ ಹೋಗಿರಲಿಲ್ಲ. ಹಬ್ಬದ ಹಿಂದಿನ ದಿನ ಸಾವುಕಾರರು ಜರಿ ರುಮಾಲು ಸುತ್ತಿ, ಶಲ್ಯ ಹೊದ್ದು, ಹುಸೇನಸಾಬನ ಟಾಂಗಾದಲ್ಲಿ ಬಂದಿಳಿದರು. "ನಡಿ ನೀಲಾ, ಪಂಚಮಿಗೆ ಕರಿಯಾಕ ಬಂದೇನಿ." ಓಣಿ ಬಾಗಿಲಲ್ಲಿ ನಿಂತಿತ್ತು. ನೀಲಕ್ಕ ಬೆಳಿಗ್ಗೆಯೇ ತನ್ನದೆಲ್ಲವನ್ನೂ ಗಂಟು ಕಟ್ಟಿಟ್ಟಿದ್ದಳು. ಅತ್ತೆಯ ಕಾಲಿಗೆ ಬಿದ್ದು, "ನಿಮ್ಮ ಋಣ ಭಾಳಾತ್ರಿ ಕಾಕಿ" ಎಂದಳು. ಗಂಟು ಎತ್ತಿಕೊಂಡಾಗ ಸಾವುಕಾರರು ಅದನ್ನು ನೋಡಿದರು. ನಗುತ್ತಲೇ ಹೇಳಿದರು, "ಇಷ್ಟ ದೊಡ್ಡ ಗಂಟ್ಯಾಕವಾ? ಹಬ್ಬ ಮುಗಿಸಿಕೊಂಡು ಬರೂದಲ್ಲ?"

ನೀಲಕ್ಕ ಗಂಟನ್ನು ನಮ್ಮ ಪಡಸಾಲೆಯಲ್ಲೇ ಇಟ್ಟು, ಒಂದು ಸೀರೆ ತೆಗೆದುಕೊಂಡು, ಗೌರಿಯ ಕೈ ಹಿಡಿದು ಟಾಂಗಾ ಹತ್ತಿದಳು. ಹತ್ತುವಾಗ ನನ್ನ ಕಡೆ ನೋಡಲಿಲ್ಲ.

ಹಬ್ಬಕ್ಕೆ ಯಾವ ಕೊರತೆಯೂ ಆಗಲಿಲ್ಲವಂತೆ. ಐದು ನಮೂನೆ ಉಂಡಿ, ಬೇವಿನ ಮರಕ್ಕೆ ಜೋಕಾಲಿ. ಮುಗಿದ ಮಾರನೆಯ ದಿನ ಶಾಂತವ್ವ ಓಣಿಯ ಮುತ್ತೈದೆಯರನ್ನೆಲ್ಲ ಕರೆದು, ನೀಲಕ್ಕನನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬಿದಳು. ಸೆರಗು ಜಗ್ಗುವಷ್ಟು ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿಣದ ಬೇರು, ಕುಬಸಕ್ಕೆ ಹಸಿರು ಬಟ್ಟೆಯ ಕಣ. ಗಂಡನ ಮನೆಗೆ ಹೊರಟ ಮಗಳಿಗೆ ಮಾಡುವ ಮರ್ಯಾದೆ ಅದು, ಬೇಡ ಎನ್ನಲು ಬರುವುದಿಲ್ಲ. "ಅಣ್ಣ ಅಂದ್ರ ಹಿಂಗಿರಬೇಕು" ಎಂದು ಹೆಂಗಸರು ಆಡಿಕೊಳ್ಳುತ್ತ ಬಂದರು. ಹಿಂದೆಯೇ ಟಾಂಗಾ ಬಂದು ನಮ್ಮ ಮನೆಯ ಮುಂದೆ ನಿಂತಿತು.

ನೀಲಕ್ಕ ಇಳಿಯಲಿಲ್ಲ. ತುಂಬಿದ ಸೆರಗನ್ನು ಎರಡೂ ಕೈಯಿಂದ ಹಿಡಿದು ಕೂತಿದ್ದಳು. "ಆ ಗಂಟ ತಂದ ಕೊಡವಾ" ಎಂದು ನನಗೆ ಹೇಳಿದಳು.

ಅತ್ತೆ ಗಾಲಿ ಹಿಡಿದು ನಿಂತರು. "ಏನ ಹುಚ್ಚಿದು? ಇಳಿ ಕೆಳಗ!"

"ಉಡಿ ತುಂಬಿಸಿಕೊಂಡಾಕಿ ಮಂದಿ ಮನ್ಯಾಗ ಇಳೀಬಾರದ್ರಿ ಕಾಕಿ. ಈ ಅಕ್ಕಿ ಗಂಡನ ಮನ್ಯಾಗ ಕುದೀಬೇಕು."

"ಎಲ್ಲೈತಿ ಈಗ ನಿನ್ನ ಗಂಡನ ಮನಿ?"

"ಅದನ್ನ ಕಳಿಸಿದವರನ್ನ ಕೇಳ್ರಿ!" ನೀಲಕ್ಕನ ದನಿ ಮೊದಲೇ ದೊಡ್ಡದು. ನಾಲ್ಕು ಮನೆ ಆಚೆ ಕಟ್ಟೆಯ ಮೇಲೆ ನಿಂತಿದ್ದ ಸಾವುಕಾರರಿಗೆ ಚೆನ್ನಾಗಿಯೇ ಕೇಳಿಸಿತು. ಅವರು ಒಳಗೆ ಹೋದರು.

ಹುಸೇನಸಾಬ ತಗ್ಗಿದ ದನಿಯಲ್ಲಿ, "ಯಾ ಕಡೆ ಹೊಡೀಲಿರಿ ಅಕ್ಕಾ?" ಎಂದ.

"ಟೇಸನ್ನಿಗೆ. ಮದ್ರಾಸಿನ ಬಂದರದಾಗ ಕುಂದರ್ತೇನಿ. ನಮ್ಮ ಮನಿಯವರು ಬಂದ್ರ ಅಲ್ಲೇ ಇಳೀಬೇಕಲ್ಲ."

ಗಂಟು ಕೊಟ್ಟರೂ ಹೋಗುವಳು, ಕೊಡದಿದ್ದರೂ ಹೋಗುವಳು. ತಂದುಕೊಟ್ಟೆ. ಗೌರಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡಿತು.

ಮದ್ರಾಸಿನ ಕಡೆಗೆ ಹೋಗುವವರಿಗೆಲ್ಲ ಅತ್ತೆ ವಿಚಾರಿಸಲು ಹೇಳಿ ಕಳಿಸುತ್ತಿದ್ದರು. ನೋಡಿದೆವು ಎಂದವರು ಒಬ್ಬರೂ ಇಲ್ಲ. ಮುಂದಿನ ಪಂಚಮಿಗೆ ಉಂಡಿ ಬೀರಲು ಬಂದ ಹೆಂಗಸರು, ನೀಲಕ್ಕ ಈ ಸಲ ಬರಲಿಲ್ಲವೇ ಎಂದು ಸಾವುಕಾರರನ್ನು ಕೇಳಿದರು. ಅವರು ರುಮಾಲು ಸರಿಮಾಡಿಕೊಂಡು ಹೇಳಿದರು: "ಉಡಿ ತುಂಬಿ ಕಳಿಸೇವಲ್ಲ. ಗಂಡನ ಮನಿಗೆ ಹೋಗ್ಯಾಳ."

ರಂಗೂನಿಗೆ ಆಗ ಹಡಗಿರಲಿಲ್ಲ, ಟಪಾಲಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು. ಆದರೂ ಹೆಂಗಸರು ಹೌದೆಂದು ತಲೆಯಾಡಿಸಿದರು. ಹೆಣ್ಣುಮಗಳು ಗಂಡನ ಮನೆಗೆ ಹೋದಳು ಎಂದ ಮೇಲೆ ನಮ್ಮ ಓಣಿಯಲ್ಲಿ ಯಾರೂ ಮುಂದಿನ ಮಾತು ಕೇಳುವುದಿಲ್ಲ.