ಮದ್ರಾಸ್ ಐ ಕಾಲದಲ್ಲಿ ಒಂದು ದವಡೆ ಹಲ್ಲು

ನನ್ನ ಬಾಯಲ್ಲಿ ಬಲಗಡೆ ಕೆಳಸಾಲಿನಲ್ಲಿ ಒಂದು ಹಲ್ಲಿಲ್ಲ. ನಾಲಿಗೆಗೆ ಬೇರೆ ಕೆಲಸವಿಲ್ಲದಾಗಲೆಲ್ಲ ಅಲ್ಲಿಗೆ ಹೋಗಿ, ಖಾಲಿ ಸೈಟು ನೋಡಲು ಬಂದವರ ಹಾಗೆ ಒಂದು ಸುತ್ತು ಹಾಕಿ ಬರುತ್ತದೆ. ಆ ಹಲ್ಲು ವಯಸ್ಸಾಗಿ ಬಿದ್ದದ್ದಲ್ಲ. ಹೋಗುವಾಗ ಅದು ನಮ್ಮತ್ತೆಯನ್ನು, ಹೊಸೂರಿನ ದಂತವೈದ್ಯರನ್ನು, ಬೆಂಗಳೂರಿನ ದೊಡ್ಡ ಡಾಕ್ಟರನ್ನು ಒಂದೇ ದಿನದಲ್ಲಿ ಹಣ್ಣು ಮಾಡಿಬಿಟ್ಟಿತು. ನನ್ನ ಕಥೆಯಂತೂ ಕೇಳಲೇಬೇಡಿ. ಕೇಳಬೇಡಿ ಎಂದರೂ ಹೇಳುತ್ತೇನೆ.

ಹೊಸೂರಿನಲ್ಲಿ ಕಾರ್ಖಾನೆಗಳು ಆಗತಾನೇ ಒಂದರ ಪಕ್ಕ ಒಂದು ಏಳುತ್ತಿದ್ದ ಕಾಲ ಅದು. ಅಂಥದೊಂದರಲ್ಲಿ ನಮ್ಮ ಯಜಮಾನರಿಗೆ ಕೆಲಸ. ನಾನು ಹತ್ತಿರದ ತಳಿ ಎಂಬ ಊರಿನ ಶಾಲೆಯಲ್ಲಿ ಕನ್ನಡ ಟೀಚರ್. ಹೊಲದ ರಾಗಿ, ಹೂವಿನ ಗಿಡ, ಎಮ್ಮೆ, ಎಲ್ಲ ಅತ್ತೆಯ ಉಸ್ತುವಾರಿ. ಕಾಯಿಲೆ ಬಂದ ಮೇಲೆ ನಾನೂ ಆ ಪಟ್ಟಿಗೆ ಸೇರಿದ್ದೆ. ಮೊದಲು ಕಾಲು ಊದಿತು, ಆಮೇಲೆ ಮುಖ. ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಪರೀಕ್ಷೆ ಮಾಡಿ ಎರಡು ಕಿಡ್ನಿಯೂ ಸೋರುತ್ತಿವೆ ಎಂದರು. ಉಪ್ಪು ಬಿಡಿಸಿದರು. ನೋವಿನ ಮಾತ್ರೆಯನ್ನು ಮೂಸಿಯೂ ನೋಡಬಾರದು ಎಂದರು. ಸೋರಿಕೆ ನಿಲ್ಲಲು ಒಂದು ಪುಟ್ಟ ಬಿಳಿ ಮಾತ್ರೆ ಕೊಟ್ಟರು. ಆ ಮಾತ್ರೆಯ ಗುಣ ಏನೆಂದರೆ, ಅದು ಕಿಡ್ನಿಯನ್ನು ಕಾಯುವ ಭರದಲ್ಲಿ ಮೈಯ ಉಳಿದ ಬಾಗಿಲುಗಳನ್ನೆಲ್ಲ ತೆರೆದಿಟ್ಟುಬಿಡುತ್ತದೆ. “ಯಾವ ಸೋಂಕೂ ತಗುಲದ ಹಾಗೆ ನೋಡ್ಕೊಳ್ಳಿ,” ಎಂದರು ದೊಡ್ಡ ಡಾಕ್ಟರು, ಸೋಂಕುಗಳೆಲ್ಲ ಬರುವ ಮುಂಚೆ ಹೇಳಿ ಕಳಿಸುತ್ತವೆ ಎಂಬಂತೆ.

ಹಾಗೆ ನೋಡಿಕೊಳ್ಳುತ್ತಿರುವಾಗಲೇ ಮದ್ರಾಸ್ ಐ ಎಂಬ ಕೆಂಗಣ್ಣು ಬೇನೆ ಬಂತು. ಯಾವುದೋ ದೂರದೇಶದಲ್ಲಿ ಹುಟ್ಟಿ, ಸಮುದ್ರ ದಾಟಿ ಬಂದಿದೆ ಎಂದು ರೇಡಿಯೋದಲ್ಲಿ ಹೇಳಿದರು. ಹಾಗಿದ್ದ ಮೇಲೆ ಮದ್ರಾಸಿನ ಹೆಸರೇಕೆ ಎಂದು ನನಗೆ ಬೇಸರವಾಗಿತ್ತು. ಕೆಟ್ಟದ್ದು ಯಾವಾಗಲೂ ಪಕ್ಕದ ಊರಿನಿಂದ ಬರಬೇಕು ತಾನೇ? ಆದರೆ ಮದ್ರಾಸಿನವರೂ ಅದನ್ನು ಮದ್ರಾಸ್ ಐ ಎಂದೇ ಕರೆಯುತ್ತಾರಂತೆ. ಅಷ್ಟು ಪ್ರಾಮಾಣಿಕತೆ ನಾನು ಬೇರೆಲ್ಲೂ ಕಂಡಿಲ್ಲ. ನಮ್ಮ ಶಾಲೆಯಲ್ಲಿ ಬೆಂಚಿಗೆ ಬೆಂಚೇ ಖಾಲಿಯಾಯಿತು. ಬೀದಿಯಲ್ಲಿ ಹಾಲು ಕರೆಯುವವರು, ಸೊಪ್ಪು ಮಾರುವವರು ಎಲ್ಲರೂ ಕಪ್ಪು ಕನ್ನಡಕ ಹಾಕಿ ಸಿನಿಮಾದಿಂದ ಎದ್ದು ಬಂದವರಂತೆ ಓಡಾಡತೊಡಗಿದರು. ಕಣ್ಣು ಬಂದವರನ್ನು ನೋಡಿದರೇ ಕಣ್ಣು ಬರುತ್ತದೆ ಎಂದು ಊರಿನ ನಂಬಿಕೆ. ಅದು ನೋಟದಿಂದಲ್ಲ, ಕೈಯಿಂದ, ಟವೆಲ್ಲಿನಿಂದ ಹರಡುವುದು ಎಂದು ನಾನು ತರಗತಿಯಲ್ಲಿ ಹೇಳಿದೆ. ಮಕ್ಕಳು ನನ್ನನ್ನು ನೋಡದೆ, ಹಲಗೆಯನ್ನೇ ನೋಡುತ್ತ ತಲೆಯಾಡಿಸಿದರು.

ಇಂಥ ವೇಳೆಯಲ್ಲಿ ನನ್ನ ದವಡೆ ಹಲ್ಲು ನೋಯತೊಡಗಿತು.

ಕಿಡ್ನಿಯ ನೋವು ಕಣ್ಣಿಗೆ ಕಾಣದ್ದು. ಯಾರೂ ಅದರ ಬಗ್ಗೆ ಬುದ್ಧಿ ಹೇಳಲು ಬರುವುದಿಲ್ಲ. ಹಲ್ಲುನೋವು ಹಾಗಲ್ಲ, ಅದು ಎಲ್ಲರಿಗೂ ಬಂದು ಹೋದದ್ದು. ಲವಂಗ ಇಡಿ ಎಂದರು ಒಬ್ಬರು. ಉಪ್ಪುನೀರು ಮುಕ್ಕಳಿಸಿ ಎಂದರು ಇನ್ನೊಬ್ಬರು. ಉಪ್ಪೆಂದ ಕೂಡಲೇ ಅತ್ತೆ ಅವರನ್ನು ಬಾಗಿಲಿನಿಂದಲೇ ಸಾಗಹಾಕಿದರು. ಒಂದು ಮಾತ್ರೆ ನುಂಗಿ ಮಲಗಿ ಎಂದವರಿಗಂತೂ ಲೆಕ್ಕವಿಲ್ಲ. ನನಗೆ ನುಂಗಲಾಗದ್ದು ಅದೊಂದೇ. ಕೆನ್ನೆ ಊದಿತು. ಊಟದ ತಟ್ಟೆ ಮುಂದೆ ಕೂತು ಹಾಗೇ ಎದ್ದುಹೋಗುವಂತಾಯಿತು. ಊರಿನ ಡಾಕ್ಟರು ಬಾಯಿಯೊಳಗೆ ಟಾರ್ಚ್ ಹಾಕಿ ನೋಡಿ, ಕೀವು ಕಟ್ಟಿದೆ, ಆದರೆ ಕಿಡ್ನಿ ಕೇಸು, ತಾವು ಕೈಹಾಕುವುದಿಲ್ಲ ಎಂದರು. ಹಲ್ಲಿನ ವಿಷಯ ಹಲ್ಲಿನವರಿಗೆ ತೋರಿಸಿ ಎಂದು ಬೆಂಗಳೂರಿನಲ್ಲಿ ಹಿಂದೊಮ್ಮೆ ಹೇಳಿದ್ದರು. ಹಲ್ಲೂ ಕಿಡ್ನಿಯೂ ಒಬ್ಬಳದೇ ಎಂಬುದು ಈ ಡಾಕ್ಟರುಗಳಲ್ಲಿ ಯಾರಿಗೂ ಹೊಳೆಯಲಿಲ್ಲವಲ್ಲ ಎಂದು ಸಿಟ್ಟು ಬಂತು.

ಮರುದಿನ ಬೆಳಗ್ಗೆ ಹೊಸೂರಿನ ಬಸ್ಸು ಹತ್ತಿದೆವು. ಯಜಮಾನರು ಆಗಲೇ ಮೊದಲ ಶಿಫ್ಟಿಗೆ ಹೋಗಿಯಾಗಿತ್ತು. ಅತ್ತೆ ಸೆರಗನ್ನು ಹುಬ್ಬಿನವರೆಗೆ ಎಳೆದುಕೊಂಡು, ನೆಲ ನೋಡುತ್ತಲೇ ಬಸ್ಸಿನೊಳಗೆ ಬಂದರು. ಕಪ್ಪು ಕನ್ನಡಕದವರು ಹತ್ತಿರ ಬಂದಾಗಲೆಲ್ಲ ನನ್ನ ತೊಡೆ ಚಿವುಟುವರು.

“ಅವ್ನ್ ಕಡೀಕ್ ನೋಡ್ಬ್ಯಾಡ ಕಣಮ್ಮಿ! ಕಣ್ ಕೆಳಗಾಕ್ಕೋ! ಬೆಂಗ್ಳೂರ್ ಡಾಕ್ಟ್ರು ಏನಂದವ್ರೆ, ಮರ್ತ್‌ಬುಟ್ಟಾ?”

“ನೋಡಿದ್ರೆ ಬರಲ್ಲ ಅತ್ತೆ.”

“ನಿನ್ ಇಸ್ಕೂಲ್ ಪಾಠ ಇಸ್ಕೂಲಲ್ಲಿ ಮಡಿಕ್ಕೊ.”

ಆದರೆ ಬಸ್ಸಿನವರು ಹೆದರಿದ್ದು ನನಗೆ. ಕಿಡ್ನಿ ಕಾಯಿಲೆಯವರ ಕಣ್ಣು ಬೆಳಗಿನ ಹೊತ್ತು ಊದಿರುತ್ತದೆ. ಅಂದು ನಿದ್ದೆಯೂ ಇಲ್ಲದೆ ಕೆಂಪಾಗಿತ್ತು. ಪಕ್ಕದಲ್ಲಿದ್ದ ಹೆಂಗಸು ನನ್ನ ಮುಖ ನೋಡಿದ್ದೇ ಬುಟ್ಟಿ ಎತ್ತಿಕೊಂಡು ಹಿಂದಕ್ಕೆ ಹೋದಳು. ಮುಂದಿನ ಸೀಟೂ ಖಾಲಿಯಾಯಿತು. “ಇದು ಮದ್ರಾಸ್ ಐ ಅಲ್ಲಮ್ಮ, ಕಿಡ್ನಿ,” ಎಂದೆ. ಕಿಡ್ನಿ ಅದಕ್ಕಿಂತ ಬೇಗ ಹರಡುತ್ತದೆ ಎಂದುಕೊಂಡರೋ ಏನೋ, ಕಂಡಕ್ಟರ್ ಟಿಕೆಟನ್ನು ತುದಿಬೆರಳಲ್ಲಿ ಹಿಡಿದು ಕೊಟ್ಟ. ತುಂಬಿದ ಬಸ್ಸಿನಲ್ಲಿ ಅತ್ತೆ ಸೊಸೆ ಇಬ್ಬರೇ ರಾಣಿಯರ ಹಾಗೆ ಕಾಲು ಚಾಚಿ ಕೂತು ಹೊಸೂರು ಸೇರಿದೆವು.

ದಂತವೈದ್ಯರ ಕೋಣೆ ಒಂದು ಮೆಡಿಕಲ್ ಸ್ಟೋರಿನ ಮೇಲಿತ್ತು. ಬೋರ್ಡಿನಲ್ಲಿ ತಮಿಳು ಅಕ್ಷರಗಳಲ್ಲಿ ‘ಪಲ್ ಮರುತ್ತುವರ್’, ಅಂದರೆ ಹಲ್ಲಿನ ವೈದ್ಯರು, ಎಂದಿತ್ತು. ಅಂಥ ನೋವಿನಲ್ಲೂ ನನ್ನೊಳಗಿನ ಟೀಚರ್ ಎದ್ದು ಕೂತಳು. ಹಳಗನ್ನಡದಲ್ಲಿ ನಾವೂ ಪಲ್ ಎಂದೇ ಅನ್ನುತ್ತಿದ್ದೆವು. ಕಾಲ ಕಳೆದಂತೆ ನಮ್ಮ ಪಕಾರಗಳೆಲ್ಲ ಹಕಾರವಾದವು. ಪಾಲು ಹಾಲಾಯಿತು, ಪಾವು ಹಾವಾಯಿತು, ಪಲ್ ಹಲ್ಲಾಯಿತು. ನೋವು ಮಾತ್ರ ಅಂದಿನಿಂದ ಇಂದಿನವರೆಗೆ ನೋವಾಗಿಯೇ ಉಳಿದಿದೆ, ಅದರ ಒಂದಕ್ಷರವನ್ನೂ ಯಾರಿಂದಲೂ ಸವೆಸಲಾಗಲಿಲ್ಲ. ಮೆಟ್ಟಿಲು ಹತ್ತುತ್ತ ಇದನ್ನು ಅತ್ತೆಗೆ ವಿವರಿಸಬೇಕೆಂದುಕೊಂಡೆ. ಬಾಯಿ ತೆರೆಯಲಾಗಲಿಲ್ಲ.

ಒಳಗಿದ್ದ ಡಾಕ್ಟರು ತಮಿಳು ಸೀಮೆಯ ಕೆಳಗಿನ ಜಿಲ್ಲೆಯ ಯುವಕ. ಮೃದು ಮನುಷ್ಯ. ಮುಖದ ಮೇಲೆ ಕಪ್ಪು ಕನ್ನಡಕ! ನಮ್ಮನ್ನು ಕಂಡವರೇ ಎರಡು ಹೆಜ್ಜೆ ಹಿಂದೆ ಸರಿದು, ತಮಿಳು ಬೆರೆತ ಕನ್ನಡದಲ್ಲಿ, “ವೇಂಡಾಮ್ಮಾ, ಬೇಡ, ನಂಗೆ ಕಣ್ಣು ಬಂದಿದೆ. ಇವತ್ತು ಯಾರನ್ನೂ ನೋಡಲ್ಲ,” ಎಂದರು. ನಾನು ದವಡೆ ಹಿಡಿದುಕೊಂಡೇ ಕಿಡ್ನಿ, ಬಿಳಿ ಮಾತ್ರೆ, ಕೀವು, ಎಲ್ಲ ಹೇಳಿದೆ. ಕೇಳಿದ ಮೇಲೆ ಅವರು ಇನ್ನೂ ಒಂದು ಹೆಜ್ಜೆ ಹಿಂದೆ ಹೋದರು.

“ಅಯ್ಯಯ್ಯೋ, ಹಂಗಾದ್ರೆ ಮುಟ್ಟಲೇ ಕೂಡದು. ನನ್ ಕಣ್ಣು ನಿಮ್ಗೆ ಬಂದ್ರೆ ಕಷ್ಟ. ಹಲ್ಲು ಕಿತ್ತು ರಕ್ತ ನಿಲ್ಲದೇ ಹೋದ್ರೆ ಇನ್ನೂ ಕಷ್ಟ. ಬೆಂಗಳೂರಿಗೆ ಹೋಗಿ.”

ಅವರು ಹೇಳಿದ್ದು ನ್ಯಾಯವೇ. ಆದರೆ ಹಲ್ಲುನೋವಿಗೆ ನ್ಯಾಯ ಗೊತ್ತಾಗುವುದಿಲ್ಲ. ಇನ್ನೊಂದು ಬಸ್ಸು, ಇನ್ನೊಂದು ಸಾಲು, ಇನ್ನೊಬ್ಬರ ‘ಇದು ನಮ್ಮದಲ್ಲ’ ಎಂಬ ಮಾತು ಕಣ್ಣ ಮುಂದೆ ಬಂದು ನಾನು ಅಲ್ಲೇ ಬೆಂಚಿನ ಮೇಲೆ ಕುಸಿದು ಅತ್ತುಬಿಟ್ಟೆ. ಕಾಯಿಲೆ ಬಂದ ಮೇಲೆ ಮೊದಲ ಸಲ ಅತ್ತದ್ದು ಒಂದು ಹಲ್ಲಿಗೆ!

ಆಗ ಅತ್ತೆ ಒಂದು ಕೆಲಸ ಮಾಡಿದರು. ಸೆರಗು ಹಿಂದಕ್ಕೆ ತಳ್ಳಿ, ತಲೆ ಎತ್ತಿ, ಡಾಕ್ಟರ ಮುಖಕ್ಕೆ ಮುಖ ಕೊಟ್ಟು ನಿಂತು, ಅವರ ಎರಡೂ ಕೈ ಹಿಡಿದುಕೊಂಡರು.

“ಆ ಕನ್ನಡ್ಕ ತೆಗಿ ಸಾಮಿ. ಕಣ್ ನೋಡ್ಕೊಂಡ್ ಮಾತಾಡ್ಬೇಕು ನಿನ್ ಕುಟೆ.”

ಅವರು ತೆಗೆದರು. ಕಣ್ಣೆರಡೂ ಕೆಂಡದ ಹಾಗಿದ್ದವು. ಅತ್ತೆ ರೆಪ್ಪೆ ಹೊಡೆಯಲಿಲ್ಲ.

“ಇವ್ಳ್ ಹೊಟ್ಟೆಗೆ ಒಂದ್ ಗುಟ್ಕು ಗಂಜಿ ಇಳ್ದಿಲ್ಲ. ಅಲ್ಲೋದ್ರೆ ಇಲ್ಲೋಗು ಅಂತಾರೆ, ಇಲ್ಬಂದ್ರೆ ಅಲ್ಲೋಗು ಅಂತೀಯ. ನಾಳೀಕ್ ಆ ಕೀವು ನೆತ್ರುಕ್ ಸೇರ್ಕೊಂಡ್ರೆ ನಾನ್ ಯಾರ್ನ್ ಕೇಳ್ಲಿ? ಕೀಳಾದ್ ಬ್ಯಾಡ ಅಂದ್ರೆ ಬ್ಯಾಡ. ಆದ್ರೆ ಏನ್ ಮಾಡ್ಬೇಕು ಅಂತ ಒಬ್ರಾರಾ ಹೇಳ್ರಪ್ಪಾ!”

ಡಾಕ್ಟರು ಕೈ ಬಿಡಿಸಿಕೊಂಡು, ಬೆಂಗಳೂರಿನ ಡಾಕ್ಟರ ನಂಬರು ಇದೆಯೇ ಎಂದು ಕೇಳಿ, ನಮ್ಮನ್ನೂ ಕರೆದುಕೊಂಡು ಕೆಳಗಿನ ಮೆಡಿಕಲ್ ಸ್ಟೋರಿಗೆ ಇಳಿದು ಟ್ರಂಕ್ ಕಾಲ್ ಬುಕ್ ಮಾಡಿದರು. ಕರೆ ಸಿಗುವ ಹೊತ್ತಿಗೆ ಅಂಗಡಿಯ ಮುಂದೆ ಕಣ್ಣಿನ ಮದ್ದಿಗೆ ದೊಡ್ಡ ಸಾಲು ನಿಂತಿತ್ತು. ಟ್ರಂಕ್ ಕಾಲ್ ಎಂದರೇನೆಂದು ತಿಳಿಯದವರಿಗೆ ಹೇಳುತ್ತೇನೆ: ನಾವು ಕೂಗಿದ್ದು ಬೆಂಗಳೂರಿಗೆ ಕೇಳಿಸುವಷ್ಟರಲ್ಲಿ ದಾರಿಯಲ್ಲಿರುವವರಿಗೆಲ್ಲ ಕೇಳಿಸಿರುತ್ತದೆ.

“ಹಲೋ! ಟೀತ್, ಸಾರ್, ಟೀತ್! ಕಿಡ್ನಿ ಪೇಷಂಟ್! ಏನು? ಯೂರಿನ್ನಾ?” ಎಂದು ಅರಚಿ ಡಾಕ್ಟರು ನನ್ನ ಕಡೆ ತಿರುಗಿದರು. “ಅಮ್ಮಾ, ಯೂರಿನ್ ಎಷ್ಟು ಹೋಗ್ತದೆ? ನೊರೆ ಬರ್ತದಾ?”

ಸಾಲಿನಲ್ಲಿದ್ದ ಕಪ್ಪು ಕನ್ನಡಕಗಳೆಲ್ಲ ಒಟ್ಟಿಗೆ ನನ್ನತ್ತ ತಿರುಗಿದವು. ಅವುಗಳಲ್ಲಿ ಒಂದು ಹಣೆಗೆ ಏರಿತು. “ಟೀಚರಮ್ಮಾ, ನೀವಾ!” ನನ್ನ ತರಗತಿಯ ಹುಡುಗಿಯೊಬ್ಬಳ ತಂದೆ. ವ್ಯಾಕರಣದಲ್ಲಿ ಒಂದು ತಪ್ಪನ್ನೂ ಸಹಿಸದ ಟೀಚರ್ ಎಂದು ಹೆಸರು ಮಾಡಿದ್ದ ನಾನು, ಮೂತ್ರದ ನೊರೆಯ ವಿವರವನ್ನು ಅವರ ಎದುರಿಗೇ ಕೂಗಿ ಹೇಳಿದೆ. ನಾನು ಮನೆ ಸೇರುವ ಮೊದಲೇ ಅದು ತಳಿ ಸೇರಿತ್ತೆಂದು ಆಮೇಲೆ ತಿಳಿಯಿತು.

ಬೆಂಗಳೂರಿನವರು ಹೇಳಿದ್ದು ಸ್ಪಷ್ಟವಾಗಿತ್ತು. ಕೀವು ಒಳಗೆ ಉಳಿಯುವುದೇ ಎಲ್ಲಕ್ಕಿಂತ ಅಪಾಯ. ಇವತ್ತೇ ತೆಗೆಯಿರಿ, ಬಿಳಿ ಮಾತ್ರೆ ನಿಲ್ಲಿಸಬೇಡಿ, ಮೊದಲು ಇಂಥ ಇಂಜೆಕ್ಷನ್ ಕೊಡಿ, ನೋವಿಗೆ ಇಂಥದ್ದು ಬಿಟ್ಟು ಬೇರೇನೂ ಬೇಡ. ದಂತವೈದ್ಯರು ಮೇಲೆ ಬಂದು ಕೈ ತೊಳೆಯಲು ನಿಂತರು. ಸೋಪು ಹಾಕಿ ತೊಳೆದರು, ಡೆಟ್ಟಾಲಿನಲ್ಲಿ ತೊಳೆದರು, ಮತ್ತೆ ಸೋಪು ಹಾಕಿದರು. ಮೂಗು ಬಾಯಿಗೆ ಬಟ್ಟೆ ಕಟ್ಟಿ, ಕಪ್ಪು ಕನ್ನಡಕ ಏರಿಸಿ, “ಕಣ್ಣು ಮುಚ್ಚಿಕೊಳ್ಳಿ, ನಾನ್ ಹೇಳೋವರೆಗೆ ತೆರೀಬೇಡಿ,” ಎಂದರು.

ಹಲ್ಲು ಬಂದದ್ದು ಸುಲಭವಾಗಿಯೇ. ರಕ್ತ ನಿಲ್ಲಲಿಲ್ಲ. ಹತ್ತಿ ಇಟ್ಟರು, ತೆಗೆದರು, ಮತ್ತೆ ಇಟ್ಟರು. ಮುಚ್ಚಿದ ಕಣ್ಣಿನ ಹಿಂದೆ ನನಗೆ ಕೇಳಿಸುತ್ತಿದ್ದದ್ದು ತಟ್ಟೆಗೆ ಹತ್ತಿ ಬೀಳುವ ಸದ್ದು ಮತ್ತು ಡಾಕ್ಟರು ತಮಿಳಿನಲ್ಲಿ ಯಾವುದೋ ದೇವರನ್ನು ಕರೆಯುತ್ತಿದ್ದ ಪಿಸುಮಾತು. ಡಾಕ್ಟರು ದೇವರನ್ನು ಕರೆಯತೊಡಗಿದರೆ ರೋಗಿ ಯಾರನ್ನು ಕರೆಯಬೇಕು? ಹೆದರಿಕೆಯಾಯಿತು. ಇಷ್ಟು ದಿನ ಸಿಟ್ಟಿನ ಕೆಳಗೆ ಅಡಗಿಸಿಟ್ಟಿದ್ದ ಹೆದರಿಕೆ ಅದು. ಕಿಡ್ನಿಯ ಕಾಯಿಲೆ ಎಂದು ಹೇಳಿದ ದಿನವೇ ಬರಬೇಕಾಗಿದ್ದದ್ದು ಅಲ್ಲಿ ಬಂದು ಸೇರಿತು. ಅತ್ತೆ ಬಾಗಿಲಿನಿಂದ ಒಳಗೆ ಬಂದು ನನ್ನ ಪಾದ ಹಿಡಿದು ಕೂತರು. ಯಾವಾಗಲೋ ಡಾಕ್ಟರು ದೀರ್ಘವಾಗಿ ಉಸಿರು ಬಿಟ್ಟು, “ನಿಂತುಬಿಡ್ತು,” ಎಂದರು.

ವಾರದೊಳಗೆ ನನ್ನ ಕೆನ್ನೆ ಇಳಿಯಿತು. ಮದ್ರಾಸ್ ಐ ನನಗೆ ಬರಲಿಲ್ಲ. ಬಂದದ್ದು ಅತ್ತೆಗೆ. ಡಾಕ್ಟರ ಕೈ ಹಿಡಿದದ್ದಕ್ಕೆ, ಅದೇ ಕೈಯಲ್ಲಿ ಕಣ್ಣು ಒರೆಸಿಕೊಂಡದ್ದಕ್ಕೆ ಬಂತು ಎಂದು ನಾನು. ದಿಟ್ಟಿಸಿ ನೋಡಿದ್ದಕ್ಕೇ ಬಂತು ಎಂದು ಅವರು. ಆ ವಾದ ಇನ್ನೂ ಮುಗಿದಿಲ್ಲ. ನನಗೆ ತಗುಲದಿರಲೆಂದು ಅವರು ಹಿತ್ತಲ ಕೋಣೆ ಸೇರಿ, ಬಾಗಿಲು ಮುಂದೆ ಮಾಡಿಕೊಂಡರು. ಯಜಮಾನರು ಶಿಫ್ಟಿನಲ್ಲಿ. ಮನೆಯಲ್ಲಿ ಓಡಾಡುವವಳು ನಾನೊಬ್ಬಳೇ.

“ಅಮ್ಮೀ, ವಸಿ ಬಿಸ್ನೀರ್ ಕಾಯ್ಸಿ ಬಾಗ್ಲಾಗ್ ಮಡಗ್ಬುಡು. ಹಂಗೇ ಒಂದ್ ಲೋಟ ಕಾಪಿ.”

ಕಾಯಿಲೆ ಬಂದಾಗಿನಿಂದ ಆ ಮನೆಯಲ್ಲಿ ಯಾರೂ ನನ್ನಿಂದ ಒಂದು ಕೆಲಸವನ್ನೂ ಕೇಳಿರಲಿಲ್ಲ. ಕೊಡ ಎತ್ತಿದರೆ ಕಸಿದುಕೊಳ್ಳುವರು, ಒಲೆ ಮುಂದೆ ಕೂತರೆ ಎಬ್ಬಿಸುವರು. ಪಾತ್ರೆ ಒಡೆದರೂ, ಅನ್ನ ಸೀದರೂ ಒಂದು ಮಾತಿಲ್ಲ. ಕಾಯಿಲೆಯವಳ ತಪ್ಪನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನಾನು ಕಾಫಿ ಮಾಡಿ, ಲೋಟವನ್ನು ಹೊಸಿಲಿನ ಮೇಲಿಟ್ಟು ದೂರ ನಿಂತೆ. ಬಾಗಿಲ ಸಂದಿಯಿಂದ ಒಂದು ಕೈ ಬಂದು ಲೋಟ ಒಳಗೆ ಹೋಯಿತು. ಮರುಕ್ಷಣವೇ ಕೂಗು ಕೇಳಿಸಿತು.

“ಇದೇನ್ ಕಾಪೀನಾ, ಕಲಗಚ್ಚಾ? ಏನ್ ಹೆಂಗ್ಸಮ್ಮಿ ನೀನು, ಒಂದ್ ಕಾಪಿ ಮಾಡಾಕ್ ಬರಾಕಿಲ್ವಾ?”

“ಬೇರೆ ಮಾಡ್ಕೊಂಡ್ ಬರ್ತೀನಿ ಅತ್ತೆ!” ಎಂದು ಅಡುಗೆಮನೆಗೆ ಓಡಿದೆ. ಒಲೆ ಊದುವಾಗ ಹೊಗೆಯಿಂದ ಕಣ್ಣಲ್ಲಿ ನೀರು ಬಂತು. ನಗುವೂ ಬಂತು. ಬಾಯಿತುಂಬ ಬೈಸಿಕೊಂಡು ಎಷ್ಟು ಕಾಲವಾಗಿತ್ತು!