ಎಂಟು ಸಾಲಿನ ಅಕ್ಕ

ಶಾಲೆಯ ಅರ್ಜಿಯ ಕಾಲ ಬಂತೆಂದರೆ ಆಸ್ಪತ್ರೆಯ ಎದುರಿನ ಜೆರಾಕ್ಸ್ ಅಂಗಡಿಯ ಬೆಂಚಿನ ಮೇಲೆ ಒಬ್ಬ ಹೆಂಗಸು ಕೂತಿರುತ್ತಾಳೆ. ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ. ಮಧ್ಯಾಹ್ನ ಮೂರಕ್ಕೆ ಪಾಳಿ ಮುಗಿಸಿ ನೇರ ಇಲ್ಲಿಗೆ ಬರುತ್ತಾಳೆ. ಬಿಸಿನೀರು, ಸೋಪಿನ ಪುಡಿಗೆ ಅವಳ ಬೆರಳ ತುದಿಗಳು ಸದಾ ಬಿಳಿಚಿಕೊಂಡಿರುತ್ತವೆ. ಆ ಬೆರಳನ್ನು ಅರ್ಜಿಯ ಮೇಲೆ ಊರಿ ಅಪ್ಪ ಅಮ್ಮಂದಿರಿಗೆ ಬುದ್ಧಿ ಹೇಳುತ್ತಾಳೆ, ಅದೂ ಬಿಟ್ಟಿಯಾಗಿ. ಎಂಟು ಸಾಲಿದೆ, ಎಂಟೂ ತುಂಬಿ. ನಿಜವಾಗಿ ಬೇಕಾದ ಶಾಲೆಯನ್ನೇ ಮೊದಲು ಬರೆಯಿರಿ. ಎರಡನೆಯದನ್ನು ಬರೆದರೆ ಮೊದಲನೆಯದು ಮುನಿಸಿಕೊಳ್ಳುವುದಿಲ್ಲ, ಚೀಟಿ ಎತ್ತುವುದು ಕಂಪ್ಯೂಟರು, ನಿಮ್ಮ ನಾದಿನಿಯಲ್ಲ. ದೂರವನ್ನು ಮಗುವಿನ ಕೈ ಹಿಡಿದು ನಡೆದೇ ಅಳೆಯಿರಿ. ಕರೆಂಟ್ ಬಿಲ್ಲು ಅಜ್ಜನ ಹೆಸರಿನಲ್ಲಿದ್ದರೆ ಇವತ್ತೇ ಬದಲಾಯಿಸಿ. ಕೊನೆಗೆ, ಕೇಳಲಿ ಬಿಡಲಿ, ನಿಯಮದ ಪುಸ್ತಕದ ಹದಿನಾಲ್ಕನೆಯ ಪುಟವನ್ನು ಗಟ್ಟಿಯಾಗಿ ಓದಿಸುತ್ತಾಳೆ. ಎಂಟೂ ಸಾಲು ತುಂಬುವ ತನಕ ಯಾರನ್ನೂ ಏಳಗೊಡದ ಕಾರಣ ಅವಳ ಹೆಸರೇ ಎಂಟು ಸಾಲಿನ ಅಕ್ಕ ಎಂದಾಗಿದೆ.

ಇಷ್ಟೆಲ್ಲ ಬಲ್ಲ ಅಕ್ಕ ತನ್ನ ಮಗಳ ಅರ್ಜಿಯಲ್ಲಿ ತುಂಬಿದ್ದು ಒಂದೇ ಒಂದು ಸಾಲು. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರಲ್ಲ, ಅವಳಿಗೆ ಬಂದದ್ದೂ ಹಾಗೆಯೇ.

ಆ ವರ್ಷ ಮಗಳಿಗೆ ಐದು ತುಂಬಿತ್ತು. ಮನೆಯಲ್ಲಿ ಗುಬ್ಬಿ ಎಂದೇ ಕರೆಯುತ್ತಿದ್ದರು. ಗಂಡ ದೂರದೂರಿಗೆ ಲಾರಿ ಓಡಿಸುವವನು, ಹದಿನೈದು ದಿನಕ್ಕೊಮ್ಮೆ ಬಂದರೆ ಎರಡು ದಿನವೂ ಮಲಗಿಯೇ ಕಳೆಯುತ್ತಿದ್ದ. ಮಗುವನ್ನು ನೋಡಿಕೊಳ್ಳುತ್ತಿದ್ದವರು ಅತ್ತೆ. ಅತ್ತೆಯ ಕಣ್ಣಿಗೆ ಪೊರೆ ಬಂದಿತ್ತು. ಬಂದಿಲ್ಲವೆಂದು ವಾದಿಸುವ ಬಾಯಿ ಮಾತ್ರ ಚುರುಕಾಗಿಯೇ ಇತ್ತು. ಒಂದು ದಿನ ಅಕ್ಕ ಕೆಲಸದಿಂದ ಬಂದು ಬಾಗಿಲು ತೆರೆದರೆ ಮನೆಯಿಡೀ ಗ್ಯಾಸಿನ ವಾಸನೆ. ಒಲೆ ಹೊತ್ತಿರಲಿಲ್ಲ, ತಿರುಗಣೆ ಮಾತ್ರ ತಿರುಗಿತ್ತು. ಅತ್ತೆ ಮಂಚದ ಮೇಲೆ ನಿದ್ದೆ ಹೋಗಿದ್ದರು. ಗುಬ್ಬಿ ಅಡುಗೆ ಕಟ್ಟೆಯ ಕೆಳಗೆ ಕೂತು ಲೋಟದೊಳಗೆ ಲೋಟ ಇಟ್ಟು ಆಡುತ್ತಿದ್ದಳು. ಅಕ್ಕ ಇಬ್ಬರನ್ನೂ ಹೊರಗೆ ಎಳೆದುಕೊಂಡು ಬಂದು ಮೆಟ್ಟಿಲ ಮೇಲೆ ಕೂರಿಸಿದಳು. ಇನ್ನು ಮಗುವನ್ನು ಈ ಮನೆಯಲ್ಲಿ ಬಿಟ್ಟು ಹೋಗುವ ಹಾಗಿಲ್ಲ ಎಂದು ಅಲ್ಲಿಯೇ ಗೊತ್ತಾಯಿತು.

ಅವಳ ಪಾಳಿ ಬೆಳಗ್ಗೆ ಏಳಕ್ಕೆ. ನಗರದ ಶಾಲೆಗಳೆಲ್ಲ ಬಾಗಿಲು ತೆರೆಯುವುದು ಎಂಟೂವರೆಗೆ. ಆಸ್ಪತ್ರೆಯ ಹಿಂದಿನ ಬೀದಿಯ ಶಾಲೆಯೊಂದು ಮಾತ್ರ, ನರ್ಸುಗಳ ಮಕ್ಕಳಿರುತ್ತಾರೆಂದು, ಆರೂವರೆಗೇ ಗೇಟು ತೆರೆಯುತ್ತಿತ್ತು. ಆ ಶಾಲೆ ಸಿಕ್ಕರೆ ಕೆಲಸವೂ ಉಳಿಯಿತು, ಮಗುವೂ ಉಳಿಯಿತು. ಸಿಗದಿದ್ದರೆ ಕೆಲಸ ಬಿಡಬೇಕು. ಕೆಲಸ ಬಿಟ್ಟರೆ ಮನೆ ನಡೆಯುವುದಿಲ್ಲ. ಆದರೆ ಸೀಟು ಹಂಚುವುದು ಲಾಟರಿಯಿಂದ. ಎಂಟು ಶಾಲೆಗಳನ್ನು ಬೇಕಾದ ಕ್ರಮದಲ್ಲಿ ಬರೆದು ಕೊಡಬೇಕು, ಕಂಪ್ಯೂಟರು ಚೀಟಿ ಎತ್ತಿ ಯಾವುದಾದರೊಂದಕ್ಕೆ ಹಾಕುತ್ತದೆ.

ಅಕ್ಕ ಅರ್ಜಿಯನ್ನು ಮೂರು ದಿನ ಮುಂದಿಟ್ಟುಕೊಂಡು ಯೋಚಿಸಿದಳು. ಎಂಟು ಶಾಲೆ ಬರೆದರೆ, ಇವಳಿಗೆ ಯಾವುದಾದರೂ ನಡೆಯುತ್ತದೆ ಬಿಡು ಎಂದುಕೊಂಡುಬಿಟ್ಟರೆ? ಒಂದೇ ಬರೆದರೆ, ಪಾಪ, ಇವಳಿಗೆ ಬೇರೆ ಗತಿಯಿಲ್ಲ ಎಂದು ಯಾರಿಗಾದರೂ ಅನ್ನಿಸೀತು. ಹಾಗೆಂದು ಮೊದಲ ಸಾಲಿನಲ್ಲಿ ಆ ಶಾಲೆಯನ್ನು ಬರೆದು, ಉಳಿದ ಏಳು ಸಾಲಿಗೆ ಸ್ಕೇಲಿಟ್ಟು ಅಡ್ಡಗೆರೆ ಎಳೆದು, ಕೆಳಗೆ ಸಣ್ಣ ಅಕ್ಷರದಲ್ಲಿ ‘ದಯವಿಟ್ಟು’ ಎಂದು ಸೇರಿಸಿದಳು. ಯಂತ್ರಕ್ಕೆ ದಯೆ ಎಲ್ಲಿಂದ ಬರಬೇಕು! ಫಲಿತಾಂಶದ ದಿನ ಗುಬ್ಬಿಗೆ ಆ ಶಾಲೆಯೂ ಇರಲಿಲ್ಲ, ಬೇರೆ ಶಾಲೆಯೂ ಇರಲಿಲ್ಲ. ಕಾಯುವವರ ಪಟ್ಟಿಯಲ್ಲಿ ಮೂರನೆಯವಳು, ಅಷ್ಟೆ.

ಶಾಲೆಯ ಕಿಟಕಿಯಲ್ಲಿದ್ದ ಕನ್ನಡಕದ ಗುಮಾಸ್ತ ಒಳ್ಳೆಯವನು. ಉಳಿದ ಏಳು ಬರೆದಿದ್ದರೆ ಮೊದಲನೆಯದರ ಅವಕಾಶ ಎಳ್ಳಷ್ಟೂ ಕಡಿಮೆಯಾಗುತ್ತಿರಲಿಲ್ಲ ಎಂದು ಅವನು ವಿವರಿಸಿದಾಗ, ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿ ಹಾಕಿಕೊಂಡದ್ದು ಅವಳಿಗೆ ತಿಳಿಯಿತು. ಹದಿನಾರು ಪುಟದ ನಿಯಮದ ಪುಸ್ತಕವನ್ನೂ ಅವನೇ ಕೊಟ್ಟ. ತರಗತಿಗೆ ಮೂವತ್ತು ಮಕ್ಕಳು. ಶಾಲೆ ಶುರುವಾದ ಹತ್ತನೆಯ ದಿನ ಮಧ್ಯಾಹ್ನ ಹನ್ನೆರಡರೊಳಗೆ ಬಾರದ ಮಗುವಿನ ಸೀಟು ಪಟ್ಟಿಯಲ್ಲಿರುವವರಿಗೆ ಹೋಗುತ್ತದೆ. ಯಾರಾದರೂ ನಡುವೆಯೇ ಸೀಟು ಬಿಟ್ಟುಕೊಟ್ಟರೆ ಆಗಲೇ ಕೂಗುತ್ತಾರೆ. ಕೂಗಿದಾಗ ಮಗುವಿನ ಜೊತೆ ಗೇಟಿನಲ್ಲಿ ಇಲ್ಲದವರಿಗೆ ಅದೂ ಇಲ್ಲ.

ಲಾಂಡ್ರಿಯ ಮೇಲ್ವಿಚಾರಕ ಹತ್ತು ದಿನಕ್ಕೆ ಮಧ್ಯಾಹ್ನದ ಪಾಳಿ ಕೊಟ್ಟ. ಹನ್ನೊಂದನೆಯ ದಿನ ಬೆಳಗ್ಗೆ ಏಳಕ್ಕೆ ಬಾರದಿದ್ದರೆ ಅವಳ ಜಾಗದಲ್ಲಿ ಬೇರೆಯವರಿರುತ್ತಾರೆ ಎಂದೂ ಹೇಳಿದ. ಮಧ್ಯಾಹ್ನ ಗುಬ್ಬಿಯನ್ನು ನೋಡಿಕೊಳ್ಳಲು ಪಕ್ಕದ ಮನೆಯಾಕೆ ಒಪ್ಪಿದಳು, ಹತ್ತೇ ದಿನ ಎಂದು ಬೆರಳು ಎಣಿಸಿ.

ಹೀಗೆ ಅಕ್ಕ ದಿನವೂ ಆರೂವರೆಗೆ ಗುಬ್ಬಿಯ ತಲೆ ಬಾಚಿ, ಖಾಲಿ ಬ್ಯಾಗು ಹೆಗಲಿಗೆ ಹಾಕಿ ಗೇಟಿನ ಪಕ್ಕ ನಿಂತಳು. ಒಳಗೆ ಹೋಗುವ ಆ ತರಗತಿಯ ಮಕ್ಕಳ ತಲೆಗಳನ್ನು ಎಣಿಸಿದಳು. ಇಪ್ಪತ್ತೆಂಟು ಎಣಿಸಿದ ದಿನ ಜೀವ ಬಂದಂತಾಗುತ್ತಿತ್ತು. ತಡವಾಗಿ ಒಂದು ಮಗು ಅಪ್ಪನ ಬೈಕಿನಿಂದ ಇಳಿದು ಓಡಿಬಂದರೆ ಆ ಮಗುವಿನ ಮೇಲೆಯೇ ಸಿಟ್ಟು ಬರುತ್ತಿತ್ತು. ಮುಂದಿನ ಹಲ್ಲು ಬಿದ್ದ ಐದು ವರ್ಷದ ಮಗುವಿನ ಮೇಲೆ ಹಗೆ! ತನ್ನನ್ನು ಕಂಡು ತನಗೇ ಹೇಸಿಗೆಯಾಯಿತು, ಆದರೂ ಮರುದಿನ ಮತ್ತೆ ಎಣಿಸಿದಳು. ನಿಂತು ನಿಂತು ಪುಸ್ತಕ ಬಾಯಿಪಾಠವಾಯಿತು. ಕಾಯುವ ಬೇರೆಯವರು ಇವಳನ್ನೇ ಕೇಳತೊಡಗಿದರು. ಏಳನೆಯ ದಿನದ ಹೊತ್ತಿಗೆ ಎರಡು ಕುಟುಂಬಗಳು ಊರು ಬಿಟ್ಟವು, ಅವಳ ಮುಂದಿದ್ದ ಇಬ್ಬರಿಗೂ ಸೀಟು ಸಿಕ್ಕಿತು. ಈಗ ಪಟ್ಟಿಯಲ್ಲಿ ಗುಬ್ಬಿಯೇ ಮೊದಲು. ಒಳಗೆ ಬಾರದೆ ಉಳಿದದ್ದು ಒಂದೇ ಮಗು, ಹಾಜರಿಯ ಹತ್ತೊಂಬತ್ತನೆಯ ನಂಬರು.

ಹತ್ತನೆಯ ದಿನ ಏಳೂವರೆಗೆ, ನೀಲಿ ಕೆಲಸದಂಗಿ ತೊಟ್ಟ ಒಬ್ಬ ಗಂಡಸು ಗೇಟಿಗೆ ಬಂದ. ಲಿಫ್ಟ್ ರಿಪೇರಿಯವನು, ಬೆನ್ನಿಗೆ ಸ್ಪ್ಯಾನರುಗಳ ಚೀಲ, ನಿದ್ದೆಯಿಲ್ಲದೆ ಕಣ್ಣು ಕೆಂಪಗಾಗಿತ್ತು. ಯಾರನ್ನೋ ಏನೋ ಕೇಳಿದ. ಅವರು ಅಕ್ಕನ ಕಡೆ ಕೈ ತೋರಿಸಿದರು.

“ಅಕ್ಕ, ನಿಮಗೆ ರೂಲ್ಸೆಲ್ಲ ಗೊತ್ತಂತೆ. ನನ್ನ ಮಗನ ನಂಬರು ಹತ್ತೊಂಬತ್ತು. ನ್ಯುಮೋನಿಯಾ, ಹನ್ನೊಂದು ದಿನದಿಂದ ಇಲ್ಲೇ ಆಸ್ಪತ್ರೇಲಿದಾನೆ. ಸೀಟಿಗೆ ಏನಾದ್ರೂ ತೊಂದ್ರೆ ಆಗುತ್ತಾ? ಕಿಟಕಿ ತೆಗೆಯೋದು ಒಂಬತ್ತಕ್ಕಂತೆ, ನಾನು ಎಂಟಕ್ಕೆ ಡ್ಯೂಟಿಗೆ ಹೋಗ್ಲೇಬೇಕು.”

ಪುಟ ಹದಿನಾಲ್ಕು, ಮೇಲಿನಿಂದ ಎರಡನೆಯ ನಿಯಮ. ಕಾಯಿಲೆಯಿಂದ ಬಾರದ ಮಗುವಿಗೆ, ಹತ್ತನೆಯ ದಿನ ಹನ್ನೆರಡರೊಳಗೆ ವೈದ್ಯರ ಚೀಟಿ ಕೊಟ್ಟರೆ, ಸೀಟು ಕಾಯ್ದಿರಿಸಲಾಗುವುದು. ಆ ಪುಟ ಅವಳ ಕೈಯಲ್ಲೇ ಇತ್ತು. ಮಾತು ನಾಲಿಗೆಯ ತುದಿಗೂ ಬಂದಿತ್ತು. ಗುಬ್ಬಿ ಅವಳ ಸೆರಗು ಹಿಡಿದು, ಇವತ್ತಾದರೂ ಒಳಗೆ ಬಿಡುತ್ತಾರಾ ಎಂದು ಕೇಳುತ್ತಿದ್ದಳು. ಅಕ್ಕನ ಮೂಗಿಗೆ ಗ್ಯಾಸಿನ ವಾಸನೆ ಬಡಿಯಿತು, ಬೀದಿಯ ನಡುವೆಯೇ.

“ಮೊದಲು ಮಗು ಹುಷಾರಾಗ್ಲಿ ಅಣ್ಣ,” ಎಂದಳು. “ಸ್ಕೂಲ್ ಎಲ್ಲಿ ಓಡಿಹೋಗುತ್ತೆ?”

ಅದರಲ್ಲಿ ಸುಳ್ಳು ಎಲ್ಲಿದೆ? ಶಾಲೆ ಓಡಿಹೋಗುವುದಿಲ್ಲ, ಓಡಿಹೋಗುವುದು ಸೀಟು. ಅವನ ಕಣ್ಣು ತುಂಬಿತು. ಸರಿ ಅಕ್ಕ, ನೀವು ಹೇಳಿದ್ದೇ ಸರಿ ಎಂದು ಕೈ ಮುಗಿದು, ಸ್ಪ್ಯಾನರುಗಳನ್ನು ಕುಲುಕಿಸುತ್ತ ಬಸ್ಸಿಗೆ ಓಡಿದ. ಕೂಗಿದರೆ ಕೇಳುವಷ್ಟು ದೂರದಲ್ಲಿಯೇ ಅವನು ಬಸ್ಸಿಗಾಗಿ ಬಹಳ ಹೊತ್ತು ನಿಂತಿದ್ದ. ಅವಳು ಕೂಗಲಿಲ್ಲ.

ಹನ್ನೆರಡಕ್ಕೆ ಗುಮಾಸ್ತ ಗುಬ್ಬಿಯ ಹೆಸರು ಕೂಗಿದ. ಅಕ್ಕನಿಗೆ ಸಂತೋಷವಾಗಲಿಲ್ಲ ಎಂದರೆ ಸುಳ್ಳಾದೀತು. ಗೋಡೆಗೆ ಹಣೆಯಿಟ್ಟು ಅತ್ತಳು, ಅದು ಬರೀ ಸಂತೋಷವೇ. ಉಳಿದದ್ದು ಮರುದಿನ ಬಂತು. ಏಳರ ಪಾಳಿಯಲ್ಲಿ ಮಕ್ಕಳ ವಾರ್ಡಿನ ಚಿಕ್ಕ ಹಾಸುಗಳು ಯಂತ್ರದಿಂದ ಬಿಸಿಬಿಸಿಯಾಗಿ ಹೊರಬಂದವು. ದೊಡ್ಡ ಹಾಸನ್ನು ಮಡಚಲು ಇಬ್ಬರು ಬೇಕು, ಚಿಕ್ಕದಕ್ಕೆ ಒಬ್ಬರೇ ಸಾಕು. ಒಂದೊಂದನ್ನು ಮಡಚುವಾಗಲೂ ಇದು ಆ ಹುಡುಗನದಿರಬಹುದೇ ಎನ್ನಿಸಿತು. ವಾರ್ಡು ಅವಳ ತಲೆಯ ಮೇಲೆ ಎರಡೇ ಮಹಡಿ. ಡಾಕ್ಟರ ಚೀಟಿಯನ್ನು ಅವಳೇ ಬರೆಸಿ ತಂದುಕೊಡಬಹುದಾಗಿತ್ತು.

ಮುಂದಿನ ಅರ್ಜಿಯ ಕಾಲಕ್ಕೆ ಅವಳು ಜೆರಾಕ್ಸ್ ಅಂಗಡಿಯ ಬೆಂಚಿನ ಮೇಲೆ ಕೂತಳು. ಎಂಥ ದೊಡ್ಡ ಮನಸ್ಸು ಎಂದು ಜನ ಹೊಗಳಿದರು. ಹೊಗಳಿದಷ್ಟೂ ಅವಳ ಮುಖ ಗಂಟಿಕ್ಕುತ್ತಿತ್ತು. ಅದನ್ನೂ ಜನ ವಿನಯ ಎಂದುಕೊಂಡರು.

ಅರ್ಜಿಗೆ ಕೊನೆಯ ದಿನ, ನೀಲಿ ಅಂಗಿಯವನು ಮಗನ ಕೈ ಹಿಡಿದು ಬಂದ. ಹುಡುಗ ಬದುಕಿದ್ದ. ತೆಳ್ಳಗಿದ್ದ, ಎರಡು ಮಾತಿಗೊಮ್ಮೆ ಕೆಮ್ಮುತ್ತಿದ್ದ. ಸೀಟು ಹೋಗಿ, ವರ್ಷವಿಡೀ ಮನೆಯಲ್ಲೇ ಉಳಿದಿದ್ದ. ಅವನಿಗಾಗಿ ತಾಯಿ ಕೆಲಸ ಬಿಟ್ಟಿದ್ದಳು. ಅಪ್ಪ ಅಕ್ಕನನ್ನು ಕಂಡವನೇ ಗುರುತು ಹಿಡಿದು, ಪಕ್ಕದಲ್ಲಿದ್ದವರಿಗೆಲ್ಲ ಹೇಳಿದ: ಆ ಕಷ್ಟದಲ್ಲಿ ಎಲ್ಲರೂ ಒಂದೊಂದು ಕಾಗದ ಕೇಳುತ್ತಿದ್ದರು, ಮಗು ಹುಷಾರಾಗಲಿ ಎಂದವರು ಇವರೊಬ್ಬರೇ. ಆಮೇಲೆ ಬೆಂಚಿನ ತುದಿಗೆ ಕೂತು, ಅವಳು ಹೇಳಿದಂತೆ ಒಂದೊಂದೇ ಶಾಲೆ ಬರೆಯತೊಡಗಿದ. ಸಾಲು ಸಾಲಿಗೂ ಸರಿನಾ ಅಕ್ಕ, ಇದಾಯ್ತು ಅಕ್ಕ ಎನ್ನುತ್ತಿದ್ದ.

ಏಳನೆಯ ಸಾಲಿಗೆ ಬಂದಾಗ ಅವಳಿಗೆ ತಡೆಯಲಾಗಲಿಲ್ಲ.

“ಅಣ್ಣ, ಅವತ್ತು ಡಾಕ್ಟ್ರ ಚೀಟಿ ಕೊಟ್ಟಿದ್ರೆ ನಿಮ್ಮ ಸೀಟು ಉಳೀತಿತ್ತು. ನಂಗೆ ಗೊತ್ತಿತ್ತು. ಗೊತ್ತಿದ್ದೂ ಹೇಳಲಿಲ್ಲ. ಆ ಸೀಟಲ್ಲಿ ನನ್ನ ಮಗಳು ಕೂತಿದಾಳೆ.”

ಅವನ ಪೆನ್ನು ನಿಂತಿತು. ಅಂಗಡಿಯೊಳಗೆ ಜೆರಾಕ್ಸ್ ಯಂತ್ರ ಯಾರದೋ ಕರೆಂಟ್ ಬಿಲ್ಲನ್ನು ಮೂರು ಪ್ರತಿ ಮಾಡಿತು. ಅವನು ಅವಳನ್ನು ನೋಡಿದ, ಅವಳ ಬಿಳಿಚಿದ ಬೆರಳನ್ನು ನೋಡಿದ, ಮಗನನ್ನು ನೋಡಿದ. ಬಯ್ಯಲಿ, ಎದ್ದು ಹೋಗಲಿ ಎಂದು ಅವಳು ತಲೆ ತಗ್ಗಿಸಿ ಕಾದಳು. ಆದರೆ ಅರ್ಜಿ ತೆಗೆದುಕೊಳ್ಳುವ ಕಿಟಕಿ ಮುಚ್ಚಲು ಅರ್ಧ ಗಂಟೆಯಷ್ಟೇ ಇತ್ತು, ಈ ಅರ್ಜಿಯನ್ನು ಸರಿಯಾಗಿ ಬಲ್ಲವರು ಆ ಬೀದಿಯಲ್ಲಿ ಬೇರೆ ಯಾರೂ ಇರಲಿಲ್ಲ. ಸಿಟ್ಟು ಮಾಡಿಕೊಳ್ಳಲೂ ಬಡಪಾಯಿಗೆ ಪುರಸೊತ್ತು ಬೇಕು.

“ಏಳಾಯ್ತು,” ಎಂದ. “ಎಂಟನೇದಕ್ಕೆ ಏನು ಬರೀಬೇಕು, ಹೇಳಿ.”

ಅವಳು ಹೇಳಿದಳು. ಅವನು ಬರೆದುಕೊಂಡು, ಮಗನ ಕೈ ಹಿಡಿದು ಎದ್ದ. ಅಕ್ಕ ಎಂದು ಮಾತ್ರ ಮತ್ತೆ ಕರೆಯಲಿಲ್ಲ.